‘ವಿಕೆಡ್’ ಓದಿದವರು ಹೇಳಿ, ಏಳನೇ ಕ್ಲಾಸಿನ ಮಗಳಿಗೆ ಕೊಡಬಹುದಾ?

ಕ್ಯಾತ್ಸಂದ್ರದವಳು:
2024ರಲ್ಲಿ ಬಂದ ಸಿನಿಮಾ ನೋಡಿದಾಗಿನಿಂದ ನಮ್ಮ ಮನೆಯಲ್ಲಿ ಹಸಿರು ಮಾಟಗಾತಿಯದೇ ಜಪ. ಮಗಳು ಬಿಡಲಿಲ್ಲ, ‘ವಿಝರ್ಡ್ ಆಫ್ ಓಝ್’ ಅನ್ನುವ ಹಳೇ ಮಕ್ಕಳ ಕಥೆಯನ್ನು ಅದರ ಮಾಟಗಾತಿಯ ಕಡೆಯಿಂದ ಹೇಳುವ ಈ ಕಾದಂಬರಿಯನ್ನು ಬೆಂಗಳೂರಿನ ಒಂದು ಅಂಗಡಿಯಿಂದ ತಂದೆ. ಮಕ್ಕಳ ಕಪಾಟಿನಲ್ಲೇ ಇಟ್ಟಿದ್ದರು. ಸದ್ಯ, ಅವಳ ಕೈಗೆ ಕೊಡುವ ಮೊದಲು ನಾನೇ ಬೆಳಗಿನ ಟ್ರೈನಿನಲ್ಲಿ ತೆಗೆದು ಕೂತೆ. ಶುರುವಿನಲ್ಲೇ ಸಿಂಹ, ತಗಡಿನ ಮನುಷ್ಯ ಎಲ್ಲಾ ಸೇರಿಕೊಂಡು ಮಾಟಗಾತಿ ಬಗ್ಗೆ ಬಾಯಿಗೆ ಬಂದ ಹಾಗೆ ಆಡಿಕೊಳ್ಳುತ್ತಾರೆ, ಅವಳು ಮರದ ಮೇಲೆ ಕೂತು ಎಲ್ಲಾ ಕೇಳಿಸಿಕೊಳ್ಳುತ್ತಿರುತ್ತಾಳೆ. ಪಕ್ಕದ ಸೀಟಿನವರು ಎಲ್ಲಿ ಇಣುಕಿ ಓದಿಬಿಡುತ್ತಾರೋ ಅಂತ ಪುಸ್ತಕ ಮುಚ್ಚಿದೆ. ಮುಂದೆ ಪಾಠ ಹೇಳುವ ಮೇಕೆ ಮೇಷ್ಟ್ರ ಕತ್ತನ್ನೇ ಕುಯ್ದಿರುತ್ತಾರೆ. ಸಿನಿಮಾದಲ್ಲಿ ಅಷ್ಟು ಮುದ್ದಾಗಿದ್ದ ಮೇಷ್ಟ್ರು! ಮಕ್ಕಳ ಕಥೆ ತಗೊಂಡು ಹೀಗೆ ಯಾಕೆ ಮಾಡಬೇಕು? ಬೈಕೊಂಡೇ ದಿನಾ ಓದುತ್ತಿದ್ದೇನೆ ಅನ್ನುವುದು ಬೇರೆ ಮಾತು.

ಕೋಲಾರ_ಚಿನ್ನ_ಮುಗಿದಿದೆ:
ಕೊಡಬೇಡಿ. ಹನ್ನೆರಡು ವರ್ಷಕ್ಕೆ ಖಂಡಿತ ಬೇಡ. ಗ್ರೆಗರಿ ಮಗ್ವಾಯರ್ ಇದನ್ನು 1995ರಲ್ಲಿ ದೊಡ್ಡವರಿಗೆ ಅಂತಲೇ ಬರೆದದ್ದು. 2003ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ನಾಟಕದವರು ಅದರಿಂದ ಸ್ನೇಹ, ಹಸಿರು ಬಣ್ಣ ತಗೊಂಡು, ಹಾಡು ಸೇರಿಸಿ, ಕಹಿಯನ್ನು ಬಹಳಷ್ಟು ಬಿಟ್ಟರು. ಸಿನಿಮಾ ಬಂದದ್ದು ಆ ನಾಟಕದಿಂದ, ಕಾದಂಬರಿಯಿಂದ ನೇರವಾಗಿ ಅಲ್ಲ. ಮುಖಪುಟ ನೋಡಿ ಮೋಸ ಹೋದವರಲ್ಲಿ ನಾನೂ ಒಬ್ಬ, ತಂಗಿ ಮಗಳಿಗೆ ಕೊಟ್ಟು ಬೈಸಿಕೊಂಡಿದ್ದೇನೆ. ಮಾಟಗಾತಿಗೆ ಇಟ್ಟ ಎಲ್ಫಬಾ ಅನ್ನುವ ಹೆಸರನ್ನು ‘ಓಝ್’ ಕಥೆಯ ಮೂಲ ಲೇಖಕ ಎಲ್. ಫ್ರಾಂಕ್ ಬಾಮ್ ಹೆಸರಿನ ಮೊದಲಕ್ಷರಗಳಿಂದ ಕಟ್ಟಿದ್ದು, ಎಲ್, ಎಫ್, ಬಿ. ಅದೊಂದು ಚೆನ್ನಾಗಿದೆ.

ನಂದಿಬೆಟ್ಟದ_ಮಂಜು:
ಮಕ್ಕಳ ಕಥೆಯನ್ನು ಕೆಡಿಸಿದರು ಅನ್ನುವವರು ಮೂಲ ಓದಿದ್ದೀರಾ? 1900ರ ಪುಸ್ತಕದ ಮುನ್ನುಡಿಯಲ್ಲಿ ಬಾಮ್, ಹಳೇ ಕಥೆಗಳ ಭಯ, ಸಂಕಟ ಬಿಟ್ಟು ಖುಷಿಯನ್ನಷ್ಟೇ ಇಟ್ಟಿದ್ದೇನೆ ಅಂತಾನೆ. ಒಳಗೆ ನೋಡಿದರೆ ತಗಡಿನ ಮನುಷ್ಯ ನಲವತ್ತು ತೋಳಗಳ ತಲೆ ಕಡಿಯುತ್ತಾನೆ, ಬೆದರುಬೊಂಬೆ ನಲವತ್ತು ಕಾಗೆಗಳ ಕತ್ತು ತಿರುಚುತ್ತದೆ. ಆ ತಗಡಿನವನು ಮೊದಲು ಮನುಷ್ಯನೇ, ಮಾಟ ಮಾಡಿದ ಕೊಡಲಿ ಜಾರಿ ಜಾರಿ ಕಾಲು, ಕೈ, ತಲೆ, ಕೊನೆಗೆ ಮುಂಡ ಎಲ್ಲಾ ಹೋಗಿ ಒಂದೊಂದಕ್ಕೂ ತಗಡು ಹಾಕಿಸಿಕೊಂಡವನು. ಇದನ್ನೆಲ್ಲ ನಾನು ಎಂಟನೇ ವಯಸ್ಸಿನಲ್ಲಿ ಚಕ್ಕುಲಿ ತಿನ್ನುತ್ತಾ ಓದಿದ್ದೆ, ಏನೂ ಆಗಲಿಲ್ಲ. ರಕ್ತಕ್ಕೆ ಮಕ್ಕಳು ಹೆದರುವುದಿಲ್ಲ ಕಣ್ರಿ. ಕೆಟ್ಟವರು ಯಾರು ಅಂತ ಮೊದಲೇ ಗೊತ್ತಿದ್ದರೆ ಸಾಕು. ಮಗ್ವಾಯರ್ ಅದನ್ನೇ ಕಿತ್ತುಕೊಳ್ಳುತ್ತಾನೆ.

ಮಧುಗಿರಿ_ಬಂಡೆ:
ವಾದ ಸರಿ, ಪುಸ್ತಕ ಬೋರು. ಕಾಲೇಜಿನ ಭಾಗ ಮುಗಿದ ಮೇಲೆ ನನಗೆ ಎಳೆದ ಹಾಗೆ ಅನ್ನಿಸಿತು, ಯಾರನ್ನೂ ಇಷ್ಟಪಡಲು ಬಿಡುವುದಿಲ್ಲ. ಕತ್ತಲು ಜಾಸ್ತಿ ಆದರೆ ದೊಡ್ಡವರ ಸಾಹಿತ್ಯ ಅನ್ನುವ ಭ್ರಮೆ ಕೆಲವರಿಗಿದೆ. ನಮ್ಮ ಗೋವಿನ ಹಾಡು ನೋಡಿ, ಕೊನೆಯಲ್ಲಿ ಹುಲಿ ಹಾರಿ ಪ್ರಾಣ ಬಿಡುತ್ತದೆ, ಅಂಗನವಾಡಿ ಮಕ್ಕಳೂ ಹಾಡುತ್ತಾರೆ. ನಾಳೆ ಯಾರೋ ಅರ್ಬುತನ ಕಡೆಯಿಂದ ನಾನೂರು ಪುಟ ಬರೆದು, ಅವನ ಬಾಲ್ಯ, ಅವನ ಹಸಿವು, ಕಾಡು ಕಡಿದವರು ಅಂತ ತುಂಬಿದರೆ ಓದುತ್ತೀರಾ?

ನಂದಿಬೆಟ್ಟದ_ಮಂಜು:
ಓದುತ್ತೇನೆ! ಯಾರಾದರೂ ಬರೀರಿ ಮೊದಲು.

ಕ್ಯಾತ್ಸಂದ್ರದವಳು:
ನಿನ್ನೆ ಯಶವಂತಪುರ ಬರುವ ಹೊತ್ತಿಗೆ ಮುಗಿಯಿತು. ಓದದವರು ಇಲ್ಲೇ ನಿಲ್ಲಿ. ಬಾಮ್ ಕಥೆಯಲ್ಲಿ ಮಾಟಗಾತಿ ತನ್ನ ಚಪ್ಪಲಿ ಕಿತ್ತುಕೊಂಡಳು ಅಂತ ಡೊರೊತಿ ಅನ್ನುವ ಹುಡುಗಿ ಸಿಟ್ಟಿಗೆ ನೀರು ಎರಚುತ್ತಾಳೆ, ಮಾಟಗಾತಿ ಕರಗುತ್ತಾಳೆ. ಇಲ್ಲಿ ಎಲ್ಫಬಾ ಬಟ್ಟೆಗೆ ಬೆಂಕಿ ಹತ್ತಿರುತ್ತದೆ, ಅದನ್ನು ಆರಿಸೋಣ ಅಂತ ಆ ಹುಡುಗಿ ನೀರು ಹಾಕುತ್ತಾಳೆ. ಉಳಿಸಲು ಹೋಗಿ ಕೊಲ್ಲುತ್ತಾಳೆ. ಮೇಕೆ ಮೇಷ್ಟ್ರ ಸಾವಿಗಿಂತ ಇದು ಜಾಸ್ತಿ ಕಾಡಿತು, ಇಳಿಯುವುದನ್ನೂ ಮರೆತು ಕೂತಿದ್ದೆ. ಮಧುಗಿರಿಯವರೇ, ನಡುವೆ ಎಳೆದದ್ದು ನಿಜ, ಆದರೆ ಈ ಒಂದು ಬಕೆಟ್ಟಿಗೆ ಎಲ್ಲಾ ಮಾಫಿ.

ಪುಸ್ತಕ ಅಟ್ಟಕ್ಕೆ ಹೋಯಿತು. ಅದರ ಬದಲು 1900ರದ್ದು ತರಿಸುತ್ತೇನೆ ಅಂದೆ, ಮಗಳು ಮುಖ ಊದಿಸಿಕೊಂಡಳು. ನಲವತ್ತು ತೋಳಗಳ ವಿಷಯ ಹೇಳಿದ ಮೇಲೆ, ‘ಯಾವ ಪುಟದಲ್ಲಿ?’ ಅಂದಳು.