ಪದಚರ್ಚೆ: ಹಳೆಯ ಅಮೆರಿಕದ ‘ಕವರ್’, ‘ಪೋಸ್ಟ್‌ಮಾರ್ಕ್’, ‘ಫ್ರಾಂಟಿಯರ್’ – ಕನ್ನಡದಲ್ಲಿ ಏನು? (ಗುರುವಾರದೊಳಗೆ ಬೇಕು)

ಸ್ಯಾಕ್ರಮೆಂಟೊದಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದ ಪ್ರಶ್ನೆ. ಇಲ್ಲಿಯ ಕನ್ನಡಿಗರು ಮಾಡುವ ರಾಜ್ಯೋತ್ಸವದಲ್ಲಿ ನನ್ನ ಅಂಚೆ ಸಂಗ್ರಹವನ್ನು ನೋಡಲು ಇಡುತ್ತಿದ್ದೇನೆ. ಎಲ್ಲವೂ 1850 ಮತ್ತು 60ರ ದಶಕದವು. ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯ ಊರುಗಳು, ಕ್ಯಾನ್ಸಸ್, ನೆವಾಡಾ ಕಡೆಯ ಕಾಗದಗಳು. 1860ರ ಏಪ್ರಿಲ್‌ನಲ್ಲಿ ಮಿಸೌರಿಯ ಸೇಂಟ್ ಜೋಸೆಫ್‌ನಿಂದ ಹೊರಟ ಪೋನಿ ಎಕ್ಸ್‌ಪ್ರೆಸ್ (ಕುದುರೆ ಸವಾರರ ಖಾಸಗಿ ಅಂಚೆ) ಬಂದು ಮುಟ್ಟಿದ್ದು ಇದೇ ಸ್ಯಾಕ್ರಮೆಂಟೊಗೆ. ಇಲ್ಲಿಯ ಮಕ್ಕಳು ಈ ಕಥೆಯನ್ನು ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿರುತ್ತಾರೆ. ಒಮ್ಮೆ ಕನ್ನಡದಲ್ಲೂ ಓದಲಿ ಅನ್ನೋದು ನನ್ನ ಆಸೆ.

ಪ್ರತಿ ಹಾಳೆಯ ಕೆಳಗೆ ವಿವರದ ಚೀಟಿ ಅಂಟಿಸಬೇಕು. ತೊಡಕಾಗಿರುವ ಪದಗಳು: ಕವರ್, ಪೋಸ್ಟ್‌ಮಾರ್ಕ್, ಕ್ಯಾನ್ಸಲೇಶನ್, ಟೆರಿಟರಿ, ಫ್ರಾಂಟಿಯರ್.

ಸುಮ್ನೆ ನಿಘಂಟು ನೋಡಿ ಬರೆಯಬಹುದಿತ್ತು. ಆದರೆ ವಸ್ತುಗಳೇ ಒಪ್ಪುತ್ತಿಲ್ಲ. ಒಂದಕ್ಕೆ ಲಕೋಟೆಯೇ ಇಲ್ಲ. ಬರೆದ ಹಾಳೆಯನ್ನೇ ಮಡಚಿ, ಅರಗು ಹಾಕಿ, ಹೊರಮೈ ಮೇಲೆ ವಿಳಾಸ ಬರೆದಿದ್ದಾರೆ. ಸಂಗ್ರಾಹಕರು ಅದನ್ನೂ ಕವರ್ ಅಂತಲೇ ಕರೆಯುತ್ತಾರೆ. ಇನ್ನೊಂದರ ಪೋಸ್ಟ್‌ಮಾರ್ಕ್ ಅಂದರೆ ಪೋಸ್ಟ್‌ಮಾಸ್ಟರ್ ಶಾಯಿಯಲ್ಲಿ ಬರೆದ ಊರಿನ ಹೆಸರು ಮತ್ತು ತಾರೀಕು, ಅಷ್ಟೇ. ಮತ್ತೊಂದರ ಮೇಲೆ ‘ಡೆನ್ವರ್ ಸಿಟಿ, ಕೆ.ಟಿ.’ ಎಂದಿದೆ. ಕೆ.ಟಿ. ಅಂದರೆ ಕ್ಯಾನ್ಸಸ್ ಟೆರಿಟರಿ, ಇನ್ನೂ ರಾಜ್ಯವಾಗದ ಪ್ರದೇಶ. 1861ರ ಫೆಬ್ರವರಿಯಲ್ಲಿ, ಡೆನ್ವರ್ ಈಗಿರುವ ಕೊಲೊರಾಡೊ ಬೇರೆಯಾಗುವ ಮೊದಲಿನದು.

ಗುರುವಾರ ಅಚ್ಚಿಗೆ ಹೋಗಬೇಕು. ದಯವಿಟ್ಟು ಬೇಗ ಹೇಳಿ.

ಶಿವಮೊಗ್ಗದಿಂದ:

ಕವರ್ = ಲಕೋಟೆ. ಪೋಸ್ಟ್‌ಮಾರ್ಕ್ = ಅಂಚೆ ಮುದ್ರೆ. ಫ್ರಾಂಟಿಯರ್ = ಗಡಿ. ‘ವಿಶೇಷ ಅಂಚೆ ಲಕೋಟೆ ಬಿಡುಗಡೆ’ ಎಂಬ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಮೈಸೂರಿನಿಂದ:

ಚರ್ಚೆಗೆ ಬಹಳ ಇದೆ. ಲಕೋಟೆ ಮರಾಠಿಯದು. ಮುದ್ರೆ ಸಂಸ್ಕೃತದ್ದು. ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಕಲಿಸಲು ಹೊರಟು ಸಾಲದ ಪದ ಯಾಕೆ ಕೊಡಬೇಕು? ನನ್ನ ಸಲಹೆ: ಕವರ್‌ಗೆ ‘ಓಲೆಹೊದಿಕೆ’, ಪೋಸ್ಟ್‌ಮಾರ್ಕ್‌ಗೆ ‘ಅಂಚೆಯೊತ್ತು’, ಫ್ರಾಂಟಿಯರ್‌ಗೆ ‘ಅಂಚುನಾಡು’.

‘ಅಂಚು’ ಎಂಬ ಪದವನ್ನು ಗಮನಿಸಿ. ‘ಅಂಚೆ’ ಬಂದಿದ್ದೇ ಅದರಿಂದ. ಒಬ್ಬ ಹರಿಕಾರನ ಓಟದ ಅಂಚು ಮುಗಿದಲ್ಲಿ ಇನ್ನೊಬ್ಬನ ಓಟ ಶುರು. ಪೋನಿ ಎಕ್ಸ್‌ಪ್ರೆಸ್ ಕೂಡ ಹಾಗೇ ಅಲ್ವಾ? ಹತ್ತು ಹದಿನೈದು ಮೈಲಿಗೊಂದು ಕಟ್ಟೆಯಲ್ಲಿ ಕುದುರೆ ಬದಲಾಗುತ್ತಿತ್ತು. ಅಂಚುನಾಡಿನ ಅಂಚೆ. ಇದಕ್ಕಿಂತ ಒಳ್ಳೆಯ ಶೀರ್ಷಿಕೆ ಸಿಗುವುದಿಲ್ಲ.

ಬೆಂಗಳೂರಿನಿಂದ:

ಅಂಚೆ ‘ಅಂಚು’ವಿನಿಂದ ಬಂದಿಲ್ಲ. ಹಂಸದ ತದ್ಭವ ಅಂಚೆ. ಹಳಗನ್ನಡದಲ್ಲಿ ಅಂಚೆ ಅಂದರೆ ಹಂಸವೇ. ನಳ ದಮಯಂತಿಯರ ನಡುವೆ ಸುದ್ದಿ ಒಯ್ದ ಹಕ್ಕಿ. ಆ ಹಕ್ಕಿಯಿಂದಲೇ ಈ ಅರ್ಥ ಬಂತು.

ಮೈಸೂರಿನಿಂದ:

ಎರಡು ಬೇರೆ ಪದಗಳು ಒಂದೇ ರೂಪದಲ್ಲಿ ಕಂಡರೆ ನೆಂಟಸ್ತಿಕೆ ಆಗುವುದಿಲ್ಲ. ತಮಿಳಿನ ‘ಅಂಜಲ್’, ತಿರುವಾಂಕೂರಿನ ‘ಅಂಚಲ್’ ಎಲ್ಲವೂ ಟಪಾಲು. ಅಲ್ಲಿ ಯಾವ ಹಂಸವೂ ಇಲ್ಲ. ಈ ಕಥೆ ಬಿಡಿ.

ಧಾರವಾಡದಿಂದ:

ಕೇಳಿದವರಿಗೆ ಗುರುವಾರ ಅಚ್ಚಿಗೆ ಹೋಗಬೇಕು. ಹಂಸದ ವಿಷಯ ಆಮೇಲೆ ಮಾತಾಡೋಣ. ನಾನು ಟಪಾಲು ಖಾತೆಯಲ್ಲಿ ಕಾಗದ ವಿಂಗಡಿಸುವ ಸಾರ್ಟರ್ ಆಗಿದ್ದವನು. ಹಳೆಯ ಕಾಗದ ಕೂಡಿಡುವ ಹವ್ಯಾಸವೂ ಇದೆ. ಹಾಗಾಗಿ ವಸ್ತುವಿನಿಂದ ಹೊರಟು ಪದಕ್ಕೆ ಬರುತ್ತೇನೆ.

ಮೊದಲು ಪೋಸ್ಟ್‌ಮಾರ್ಕ್. ಶಿವಮೊಗ್ಗದವರ ‘ಮುದ್ರೆ’ಯೂ ಮೈಸೂರಿನವರ ‘ಒತ್ತು’ವೂ ಒಂದೇ ಕಡೆ ಎಡವುತ್ತವೆ. ಎರಡರಲ್ಲೂ ಏನನ್ನೋ ಒತ್ತಿದ ಅರ್ಥವಿದೆ. ಆದರೆ ಗಣಿಯ ಊರಿನ ಸಣ್ಣ ಪೋಸ್ಟ್ ಆಫೀಸಿನಲ್ಲಿ ಒತ್ತುವ ಸಾಧನವೇ ಇರುತ್ತಿರಲಿಲ್ಲ. ಅಂಗಡಿಯ ಒಂದು ಮೂಲೆಯೇ ಪೋಸ್ಟ್ ಆಫೀಸು, ಅಂಗಡಿಯವರೇ ಪೋಸ್ಟ್‌ಮಾಸ್ಟರ್ ಆಗಿರುವುದು ಸಾಮಾನ್ಯ. ಅವರು ಪೆನ್ನಿನಲ್ಲಿ ಊರು, ತಿಂಗಳು, ತಾರೀಕು ಬರೆದು ಕಳಿಸುತ್ತಿದ್ದರು. ಇಂಥವನ್ನೇ ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುವುದು, ಯಾಕೆಂದರೆ ಅದರಲ್ಲಿ ಎಷ್ಟೋ ಊರುಗಳು ಚಿನ್ನ ಮುಗಿದ ಮೇಲೆ ಅಳಿಸಿಯೇ ಹೋದವು. ಆ ಊರು ಇತ್ತು ಅನ್ನುವುದಕ್ಕೆ ಆ ಎರಡು ಸಾಲಿನ ಕೈಬರಹ ಒಂದು ಸಾಕ್ಷಿ. ಅದನ್ನು ‘ಒತ್ತು’ ಎಂದು ಕರೆದರೆ ನೋಡುವ ಮಗು ಒತ್ತಿದ್ದು ಎಲ್ಲಿ ಎಂದು ಕೇಳುತ್ತದೆ.

ಆದ್ದರಿಂದ ‘ಅಂಚೆ ಗುರುತು’ ಅನ್ನಿ. ಬರೆದದ್ದಕ್ಕೂ ಹೊಡೆದದ್ದಕ್ಕೂ ಅದು ಸಲ್ಲುತ್ತದೆ. ಬರೆದದ್ದು ‘ಕೈಬರಹದ ಅಂಚೆ ಗುರುತು’. ಹೊಡೆದದ್ದು ‘ಠಸ್ಸೆ’. ಕೌಂಟರಿನಲ್ಲಿ ನಾವು ಆಡುತ್ತಿದ್ದ ಮಾತು ‘ಸೀಲ್ ಹೊಡಿ’, ಬರೆಯುವಾಗ ‘ಠಸ್ಸೆ’. ಎರಡೂ ಜನರಿಗೆ ಗೊತ್ತು.

ಕ್ಯಾನ್ಸಲೇಶನ್ ಬೇರೆಯದು. ಊರಿನ ಗುರುತು ಕಾಗದ ಎಲ್ಲಿಂದ, ಯಾವಾಗ ಹೊರಟಿತು ಎಂದು ಹೇಳುತ್ತದೆ. ಕ್ಯಾನ್ಸಲೇಶನ್ ಮಾಡುವುದು ಒಂದೇ ಕೆಲಸ, ಅಂಚೆ ಚೀಟಿ ಮತ್ತೆ ಬಳಕೆಯಾಗದಂತೆ ಕೆಡಿಸುವುದು. ಊರಿನ ಠಸ್ಸೆಯನ್ನು ಚೀಟಿಯ ಮೇಲೆ ಹೊಡೆದರೆ ತಾರೀಕು ಓದಲು ಬರುವುದಿಲ್ಲ ಎಂದು 1860ರಲ್ಲಿ ಅಮೆರಿಕದ ಅಂಚೆ ಇಲಾಖೆ ಎರಡನ್ನೂ ಬೇರೆ ಮಾಡಿಸಿತು. ಆಮೇಲೆ ಎಷ್ಟೋ ಊರುಗಳ ಪೋಸ್ಟ್‌ಮಾಸ್ಟರ್‌ಗಳು ಬಾಟಲಿಯ ಬಿರಡೆಯನ್ನು ಚಾಕುವಿನಿಂದ ಕೆತ್ತಿ ನಕ್ಷತ್ರ, ಶಿಲುಬೆ, ಗುರಾಣಿ ಮಾಡಿಕೊಂಡರು. ಸರ್ಕಾರಿ ಕೆಲಸದಲ್ಲಿ ಅಷ್ಟು ಆಸೆಯಿಂದ ಕೆತ್ತನೆ ಮಾಡಿದ್ದು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ. ಇದಕ್ಕೆ ‘ರದ್ದು ಗುರುತು’ ಸಾಕು. ಕೆತ್ತಿದ್ದಾದರೆ ‘ಬಿರಡೆಯ ರದ್ದು ಗುರುತು’.

ಇನ್ನು ಲಕೋಟೆ. ಅದು ಮರಾಠಿಯ ‘ಲಖೋಟಾ’ ಹೌದು. ಅದರೊಳಗಿನ ‘ಲಾಖ’ ಯಾವುದು ಗೊತ್ತೇ? ಅರಗು. ಅರಗು ಹಾಕಿ ಮುಚ್ಚಿದ ಕಾಗದವೇ ಲಖೋಟಾ. ಒಳಗೆ ಹಾಕುವ ಚೀಲವೇ ಆಗಬೇಕೆಂದಿಲ್ಲ. ಈಗ ಕೇಳಿದವರ ಮಡಚಿದ ಹಾಳೆಯನ್ನು ನೋಡಿ. 1845ರ ಜುಲೈಗಿಂತ ಮೊದಲು ಅಮೆರಿಕದಲ್ಲಿ ಅಂಚೆ ದರ ಹಾಳೆಯ ಲೆಕ್ಕದಲ್ಲಿತ್ತು. ಹೊರಗೊಂದು ಹೊದಿಕೆ ಹಾಕಿದರೆ ಅದೂ ಒಂದು ಹಾಳೆ, ಅದಕ್ಕೂ ದುಡ್ಡು. ಅದಕ್ಕೇ ಜನ ಬರೆದ ಹಾಳೆಯನ್ನೇ ಮಡಚಿ ಅರಗು ಹಾಕುತ್ತಿದ್ದರು. ಆಮೇಲೆ ದರ ತೂಕದ ಮೇಲೆ ಬಂದರೂ ಆ ರೂಢಿ ಕೆಲವು ಕಾಲ ಉಳಿಯಿತು. ಆ ಹಾಳೆಗೆ ‘ಓಲೆಹೊದಿಕೆ’ ಹೊಂದುವುದಿಲ್ಲ, ಹೊದಿಕೆಯೇ ಇಲ್ಲವಲ್ಲ. ಸಾಲದ ‘ಲಕೋಟೆ’ ಸರಿಯಾಗಿ ಹೊಂದುತ್ತದೆ. ನಮ್ಮ ಕಡೆ ಹಳಬರು ಪಾಕೀಟು ಅನ್ನುತ್ತಾರೆ. ಅದನ್ನು ಮಾತ್ರ ಇಲ್ಲಿ ಬಳಸಬೇಡಿ, ಅದು ಚೀಲವೇ.

ಮೈಸೂರಿನಿಂದ:

ಧಾರವಾಡದವರು ಮರಾಠಿಯ ಪರ ಮಾತಾಡುವುದು ಹೊಸದಲ್ಲ. ಠಸ್ಸೆ ಮರಾಠಿ, ಟಪಾಲು ಮರಾಠಿ, ಬಟವಾಡೆ ಮರಾಠಿ, ರದ್ದು ಅರಬ್ಬಿ, ಕಾಗದ ಪಾರಸಿ. ಕನ್ನಡಕ್ಕೆ ಉಳಿಯಿತೇನು? ಮೈಸೂರು ಸಂಸ್ಥಾನಕ್ಕೆ ಚಿಕ್ಕದೇವರಾಜ ಒಡೆಯರ ಕಾಲದಿಂದಲೇ ತನ್ನ ಅಂಚೆ ಇತ್ತು. 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿಸಿದರು. ನಮ್ಮ ಪದಗಳು ಕಳೆದದ್ದು ಹೀಗೆ, ಮೊದಲು ವ್ಯವಸ್ಥೆ ಹೋಗುತ್ತದೆ, ಆಮೇಲೆ ಮಾತು. ಬೇರೆ ನೆಲದ ವಸ್ತುವಿಗೆ ಪದ ಕಟ್ಟುವಾಗಲಾದರೂ ನಮ್ಮದನ್ನು ಬಳಸೋಣ ಅಂದರೆ ತಪ್ಪೇ?

ಧಾರವಾಡದಿಂದ:

ಮರಾಠಿಯ ಪರ ಅನ್ನುವ ಮಾತು ಬೇಡ. ನಮ್ಮ ಊರಿನ ಜನ ಕನ್ನಡಕ್ಕಾಗಿ ಏನು ಮಾಡಿದ್ದಾರೆ ಎಂದು ನಾನು ಪಟ್ಟಿ ಕೊಡಬೇಕಿಲ್ಲ. ‘ಗುರುತು’ ಅಚ್ಚ ದ್ರಾವಿಡ ಪದ. ತಮಿಳಿನ ‘ಕುಱಿ’ ಅದರ ಬಂಧು. ನಿಮ್ಮ ನಿಯಮಕ್ಕೇ ಒಪ್ಪುವ ಪದವನ್ನು ನಾನು ಕೊಟ್ಟಿದ್ದೇನೆ. ಅದನ್ನು ನೋಡದೆ ಮರಾಠಿ ಎಣಿಸುತ್ತ ಕೂತಿರಿ. ಪದ ಎಲ್ಲಿಂದ ಬಂತು ಅನ್ನೋದಕ್ಕಿಂತ ಅದು ಆ ವಸ್ತುವಿಗೆ ಹೊಂದುತ್ತದೆಯೇ ಅನ್ನೋದು ನನಗೆ ಮುಖ್ಯ.

ಬೆಂಗಳೂರಿನಿಂದ:

ಹಂಸದ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ. ಕಿಟ್ಟೆಲ್ ನೋಡಿ.

ಮಂಗಳೂರಿನಿಂದ:

ಫ್ರಾಂಟಿಯರ್ ಬಗ್ಗೆ ಯಾರೂ ನಿಂತು ಯೋಚಿಸಲಿಲ್ಲ. ‘ಗಡಿ’ ಖಂಡಿತ ಬೇಡ. ನಮಗೆ ಗಡಿನಾಡು ಅಂದರೆ ಕಾಸರಗೋಡು. ಎರಡು ರಾಜ್ಯಗಳ ನಡುವಿನ ಗೆರೆ. ಅಮೆರಿಕದ ಫ್ರಾಂಟಿಯರ್ ಅಂಥ ಗೆರೆ ಅಲ್ಲ. ವಲಸಿಗರ ವಸತಿ ಎಲ್ಲಿಯವರೆಗೆ ಮುಟ್ಟಿದೆಯೋ ಅದರ ಹೊರ ಅಂಚು. ಅದು ವರ್ಷ ವರ್ಷ ಪಶ್ಚಿಮಕ್ಕೆ ಸರಿಯುತ್ತಿತ್ತು. ಅವರ ಜನಗಣತಿಯಲ್ಲಿ ಚದರ ಮೈಲಿಗೆ ಇಬ್ಬರಿಗಿಂತ ಕಡಿಮೆ ಜನರಿದ್ದರೆ ಅದು ಆ ಗೆರೆಯಾಚೆಯ ನೆಲ. 1890ರ ಗಣತಿ ಆದ ಮೇಲೆ ಇನ್ನು ಅಂಥ ಗೆರೆ ಎಳೆಯಲು ಬರುವುದಿಲ್ಲ ಎಂದು ಗಣತಿಯವರೇ ಹೇಳಿದರು. ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರ್ 1893ರಲ್ಲಿ ಷಿಕಾಗೊದಲ್ಲಿ ಮಾಡಿದ ಹೆಸರಾಂತ ಭಾಷಣ ಶುರುವಾಗುವುದೇ ಅಲ್ಲಿಂದ.

ಆದರೆ ‘ಬರಿನೆಲ’, ‘ಹೊಸ ನಾಡು’ ಎಂದು ಬರೆಯಬೇಡಿ. ಆ ಎಣಿಕೆ ವಲಸಿಗರದ್ದು. ಅಲ್ಲಿ ಪಾಯೂಟ್, ಶೊಶೋನಿ, ಶಾಯೆನ್ ಜನ ತಲೆಮಾರುಗಳಿಂದ ಇದ್ದರು. 1860ರ ಬೇಸಿಗೆಯಲ್ಲಿ ಪೋನಿ ಎಕ್ಸ್‌ಪ್ರೆಸ್ ಕೆಲವು ವಾರ ನಿಂತದ್ದು ನೆವಾಡಾದಲ್ಲಿ ಪಾಯೂಟರೊಡನೆ ಯುದ್ಧ ನಡೆದದ್ದರಿಂದ. ಆ ವರ್ಷ ಕಳೆದುಹೋದ ಒಂದು ಟಪಾಲು ಚೀಲ 1862ರಲ್ಲಿ ಸಿಕ್ಕಿತು. ಅದರಲ್ಲಿದ್ದ ಲಕೋಟೆಯ ಮೇಲೆ ‘1860ರಲ್ಲಿ ಇಂಡಿಯನ್ನರು ಕದ್ದ ಟಪಾಲಿನಿಂದ ಮರಳಿ ಸಿಕ್ಕಿದ್ದು’ ಎಂಬ ಅರ್ಥದ ಷರಾ ಬರೆದಿದ್ದಾರೆ. ಸಂಗ್ರಾಹಕರಲ್ಲಿ ಬಹಳ ಹೆಸರಾದ ಲಕೋಟೆ ಅದು. ಅದರ ಚಿತ್ರ ಇಡುವುದಾದರೆ ಷರಾವನ್ನು ಇದ್ದ ಹಾಗೇ ಕನ್ನಡಿಸಿ. ನಿಮ್ಮ ವಿವರದಲ್ಲಿ ಮಾತ್ರ ‘ಪಾಯೂಟ್ ಜನ’ ಎಂದು ಹೆಸರು ಹೇಳಿ. ನಮ್ಮ ಮಕ್ಕಳು ‘ಇಂಡಿಯನ್’ ಅಂದರೆ ತಾವೇ ಎಂದುಕೊಳ್ಳುತ್ತಾರೆ.

ನನ್ನ ಸಲಹೆ ‘ವಲಸೆ ಸೀಮೆ’. ನಮ್ಮಲ್ಲಿ ಸೀಮೆ ಅಂದರೆ ಎಲ್ಲೆಯೂ ಹೌದು, ಆ ಎಲ್ಲೆಯೊಳಗಿನ ನಾಡೂ ಹೌದು. ಟೆರಿಟರಿಗೆ ‘ಪ್ರಾಂತ’. ಮುಂಬೈ ಪ್ರಾಂತ ಅನ್ನುತ್ತಿದ್ದೆವಲ್ಲ, ಮೇಲಿನಿಂದ ನೇಮಿಸಿದ ಗವರ್ನರ್ ಆಳುತ್ತಿದ್ದ ನೆಲ. ಅಮೆರಿಕದ ಟೆರಿಟರಿಗೂ ಗವರ್ನರ್‌ನನ್ನು ನೇಮಿಸುತ್ತಿದ್ದವರು ರಾಷ್ಟ್ರಾಧ್ಯಕ್ಷರು.

ಮೈಸೂರಿನಿಂದ:

‘ವಲಸೆ ಸೀಮೆ’ ಸಂಸ್ಕೃತದ ಸೀಮಾ. ‘ಅಂಚುನಾಡು’ ಯಾಕೆ ಬೇಡ ಎಂದು ಯಾರೂ ಕಾರಣ ಹೇಳಿಲ್ಲ.

ಮಂಗಳೂರಿನಿಂದ:

ಕಾರಣ ಇದೆ. ಅಂಚುನಾಡಿನಲ್ಲಿ ಜನ ಸರಿಯುತ್ತಿದ್ದರು ಎಂಬುದು ಬರುವುದಿಲ್ಲ. ‘ವಲಸೆ’ಯಲ್ಲಿ ಬರುತ್ತದೆ.

ಸ್ಯಾಕ್ರಮೆಂಟೊದಿಂದ:

ಎಲ್ಲರಿಗೂ ಕೃತಜ್ಞತೆ. ಅಚ್ಚಿಗೆ ಹೀಗೆ ಕಳಿಸುತ್ತಿದ್ದೇನೆ: ಲಕೋಟೆ, ಮಡಚಿದ ಲಕೋಟೆ, ಅಂಚೆ ಗುರುತು, ಕೈಬರಹದ ಅಂಚೆ ಗುರುತು, ಠಸ್ಸೆ, ರದ್ದು ಗುರುತು, ಕ್ಯಾನ್ಸಸ್ ಪ್ರಾಂತ, ವಲಸೆ ಸೀಮೆ. ಮೈಸೂರಿನ ಸರ್, ದೊಡ್ಡ ಫಲಕದ ಮೇಲೆ ‘ಅಂಚುನಾಡಿನ ಅಂಚೆ’ ಎಂದು ನಿಮ್ಮ ಪದವನ್ನೇ ಹಾಕುತ್ತೇನೆ. ಫಲಕಕ್ಕೆ ಸೊಗಸು ಬೇಕು, ವಿವರಕ್ಕೆ ನಿಖರತೆ ಬೇಕು.

ಕೊನೆಯದಾಗಿ ಎರಡು ಉಳಿದಿವೆ. ಕೆಲವು ಲಕೋಟೆಗಳ ಮೂಲೆಯಲ್ಲಿ ಕಳಿಸಿದವರೇ ‘ಲಾಸ್ ಏಂಜಲೀಸ್ ಮೂಲಕ, ನೆಲದಾರಿ’ ಎಂದು ಬರೆದಿದ್ದಾರೆ. 1858ರಿಂದ ಬಟರ್‌ಫೀಲ್ಡ್ ಕಂಪನಿಯ ಅಂಚೆ ಗಾಡಿಗಳು ಓಡುತ್ತಿದ್ದ ದಾರಿ. ಹಾಗೆ ಬರೆಯದಿದ್ದರೆ ಕಾಗದ ಪನಾಮಾ ಮೂಲಕ ಹಡಗಿನಲ್ಲಿ ಹೋಗಿಬಿಡಬಹುದಿತ್ತು. ಈ ಬರಹಕ್ಕೆ ಏನನ್ನಲಿ? ಇನ್ನೊಂದು, ಸರ್ಕಾರದ ಅಂಚೆ ಚೀಟಿ ಅಚ್ಚಾದ ಲಕೋಟೆಯ ಮೇಲೆಯೇ ವೆಲ್ಸ್ ಫಾರ್ಗೊ ಎಂಬ ಖಾಸಗಿ ಸಾಗಣೆ ಕಂಪನಿ ಅಚ್ಚು ಹಾಕಿಸಿದ ‘ಪೇಯ್ಡ್’ ಸಾಲು.

ಧಾರವಾಡದಿಂದ:

ಮೊದಲನೆಯದು ‘ದಾರಿ ಸೂಚನೆ’. ಎರಡನೆಯದಕ್ಕೆ ‘ಕಂಪನಿ ಸಂದಾಯದ ಅಚ್ಚು’. ಇದನ್ನು ಅಂಚೆ ಗುರುತು ಅನ್ನಬೇಡಿ. ಖಾಸಗಿ ಕಂಪನಿ ಕಾಗದ ಒಯ್ದರೂ ಸರ್ಕಾರದ ಅಂಚೆ ದರ ಕಟ್ಟಲೇಬೇಕಿತ್ತು. ಅದಕ್ಕೇ ಒಂದೇ ಲಕೋಟೆಯ ಮೇಲೆ ಎರಡು ಸಂದಾಯ. ಪೋನಿ ಎಕ್ಸ್‌ಪ್ರೆಸ್‌ನ ಓಡುವ ಕುದುರೆಯ ಠಸ್ಸೆಯೂ ಕಂಪನಿಯದೇ. ಸೇಂಟ್ ಜೋಸೆಫ್ ಮುಟ್ಟಿದ ಮೇಲೆ ಕಾಗದ ಸರ್ಕಾರಿ ಅಂಚೆಗೆ ಹೋಗಿ ಅಲ್ಲಿಯ ಗುರುತು ಬೀಳುತ್ತಿತ್ತು. ಎರಡನ್ನೂ ಬಾಣ ಹಾಕಿ ಬೇರೆ ಬೇರೆ ತೋರಿಸಿ. ಮತ್ತೆ, ಆ ಕಾಲದ ಗುರುತುಗಳಲ್ಲಿ ಇಸವಿ ಸಾಮಾನ್ಯವಾಗಿ ಇರುವುದಿಲ್ಲ. ತೆಗೆದುಕೊಂಡವರು ಬದಿಯಲ್ಲಿ ‘ಇಂಥ ದಿನ ಬಂತು, ಉತ್ತರ ಬರೆದೆ’ ಎಂದು ಷರಾ ಹಾಕಿದ್ದರೆ ಅದನ್ನು ವಿವರದ ಚೀಟಿಯಲ್ಲಿ ತಪ್ಪದೆ ಬರೆಯಿರಿ. ಇಸವಿ ಸಿಗುವುದು ಎಷ್ಟೋ ಸಲ ಅಲ್ಲಿಂದಲೇ.