ಉಬುಂಟುವಿನಲ್ಲಿ ಟೆಕ್ ಲೈವ್ ಅಪ್‌ಡೇಟ್ ಆಗುತ್ತಿಲ್ಲ, ಅಪ್ಪನ ಪುಸ್ತಕ ಪ್ರೆಸ್ಸಿಗೆ ಹೋಗಬೇಕು

ಕಾಗದದ ದೋಣಿ, ಬಸವನಗುಡಿ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ರಿಟೈರ್ ಆದ ಮೇಲೆ ರೇಖಾಗಣಿತದ ಬಗ್ಗೆ ಕನ್ನಡದಲ್ಲೇ ಒಂದು ಪುಸ್ತಕ ಬರೆದಿದ್ದಾರೆ, ಆರು ನೋಟ್‌ಬುಕ್ ತುಂಬ ಕೈಬರಹ. ಅದನ್ನು ಒಂದು ವರ್ಷದಿಂದ ನಾನು ಲೇಟೆಕ್‌ನಲ್ಲಿ (ಪುಟ ಕಟ್ಟುವ ಸಾಫ್ಟ್‌ವೇರ್, ಗಣಿತಕ್ಕೆ ಚೆನ್ನಾಗಿ ಹೊಂದುತ್ತದೆ) ಕೂರಿಸುತ್ತಿದ್ದೇನೆ. ಪುಟಕ್ಕೆ ಎರಡು ಮೂರು ಸಮೀಕರಣ, ಚಿತ್ರ ಬೇರೆ, ಹಾಗಾಗಿ ಮಾಮೂಲಿ ಡಿಟಿಪಿಯಲ್ಲಿ ಮಾಡಿಸುವ ಯೋಚನೆಯನ್ನೇ ಬಿಟ್ಟೆ. 1/8 ಡೆಮಿ ಸೈಜು, ಈಗ ಸರಿಯಾಗಿ 256 ಪುಟಕ್ಕೆ ಬಂದು ನಿಂತಿದೆ. ತಿಂಗಳ ಕೊನೆಗೆ ಪ್ರೆಸ್ಸಿಗೆ ಪಿಡಿಎಫ್ ಕೊಡಬೇಕು.

ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು 22.04 ಇದೆ. ಲೇಟೆಕ್ ಮತ್ತು ಅದರ ಪ್ಯಾಕೇಜುಗಳು ಒಟ್ಟಿಗೆ ಬರುವ ಟೆಕ್ ಲೈವ್ ಇದೆ, ಉಬುಂಟುವಿನದೇ ಇನ್‌ಸ್ಟಾಲರ್ ಆಪ್ಟ್‌ನಿಂದ ಹಾಕಿಕೊಂಡದ್ದು, ಫುಲ್. ಓಡಿಸುವುದು ಝೀಲೇಟೆಕ್ (ಯೂನಿಕೋಡ್ ಫಾಂಟು ಬಳಸಬಲ್ಲ ಲೇಟೆಕ್), ನೋಟೊ ಸೆರಿಫ್ ಕನ್ನಡ ಫಾಂಟು. ಇಷ್ಟು ದಿನ ಒಂದು ತೊಂದರೆಯೂ ಇರಲಿಲ್ಲ. ಹೋದ ವಾರ ಒಂದು ಕೋಷ್ಟಕಕ್ಕೆ ಟ್ಯಾಬುಲರ್‌ಎರ್ರೇ ಪ್ಯಾಕೇಜಿನ ಹೊಸ ಸೌಲಭ್ಯ ಬೇಕಾಯಿತು. ನನ್ನ ಹತ್ತಿರ ಇರುವ ವರ್ಷನ್‌ನಲ್ಲಿ ಅದು ಇಲ್ಲ. ಅಪ್‌ಡೇಟ್ ಮಾಡೋಣ ಅಂತ ಟೆಕ್ ಲೈವ್‌ನ ಅಪ್‌ಡೇಟ್ ಸಾಧನ ಟಿಎಲ್‌ಮ್ಯಾನೇಜರ್ ಓಡಿಸಿದೆ. ಮೊದಲು ಯೂಸರ್ ಮೋಡ್ ಇನಿಶಿಯಲೈಸ್ ಆಗಿಲ್ಲ ಅಂದಿತು. ಅದನ್ನೂ ಮಾಡಿದೆ. ಆಮೇಲೆ ನಿಮ್ಮ ಟೆಕ್ ಲೈವ್ 2021ರದ್ದು, ಸರ್ವರಿನಲ್ಲಿ ಇರುವುದು 2025ರದ್ದು, ಒಂದು ವರ್ಷದ್ದರ ಮೇಲೆ ಇನ್ನೊಂದು ವರ್ಷದ್ದನ್ನು ಹಾಕಲು ಆಗುವುದಿಲ್ಲ ಅಂತ ನಿಲ್ಲಿಸಿಬಿಟ್ಟಿತು.

ಆಗ ಲೇಟೆಕ್ ಪ್ಯಾಕೇಜುಗಳ ಆನ್‌ಲೈನ್ ಭಂಡಾರ ಸಿಟ್ಯಾನ್‌ನಿಂದ ಆ ಪ್ಯಾಕೇಜನ್ನೂ ಜೊತೆಗೆ ಇನ್ನೆರಡನ್ನೂ ಜಿಪ್ ಇಳಿಸಿಕೊಂಡು ಹೋಮ್‌ನ ಟೆಕ್ಸ್‌ಎಂಎಫ್ ಫೋಲ್ಡರಿಗೆ ಹಾಕಿದೆ. ಅಲ್ಲಿಂದ ಬೇರೆ ಬೇರೆ ಕಡೆ ಎರರ್ ಶುರುವಾಯಿತು. ಮತ್ತೆ ಟೆಕ್ ಯೂಸರ್ಸ್ ಗ್ರೂಪ್‌ನ ಸೈಟಿನಿಂದ ಇನ್‌ಸ್ಟಾಲರ್ ತಂದು 2025 ಪೂರ್ತಿ ಹಾಕಿದೆ, ಒಂದು ಇಡೀ ಸಂಜೆ ಹಿಡಿಯಿತು. ಆದರೂ ಟರ್ಮಿನಲ್‌ನಲ್ಲಿ ಕೇಳಿದರೆ 2021 ಅಂತಲೇ ತೋರಿಸುತ್ತದೆ. ಹೊಸ ಫೋಲ್ಡರಿನ ಪೂರ್ತಿ ಪಾತ್ ಕೊಟ್ಟು ಓಡಿಸಿದರೆ ಪುಸ್ತಕ 259 ಪುಟ ಆಗುತ್ತದೆ! ಒಂದು ಅಕ್ಷರ ತಿದ್ದಿಲ್ಲ ನಾನು.

ಹಳೆಯದನ್ನು ಆಪ್ಟ್‌ನಿಂದ ಪೂರ್ತಿ ತೆಗೆದುಬಿಡಲಾ? ಅಪ್ಪ ದಿನಾ ಸಂಜೆ ಎಲ್ಲಿಗೆ ಬಂತು ಅಂತ ಕೇಳುತ್ತಾರೆ. ಅವರಿಗೆ 78 ವರ್ಷ. ಪುಸ್ತಕವನ್ನು ಅವರ ಕೈಯಲ್ಲಿ ಇಡಬೇಕು ಅಂತ ಆಸೆ.

ಪೆಂಗ್ವಿನ್ ಪುಟ, ವಿಜಯನಗರ:

ಸದ್ಯಕ್ಕೆ ಏನನ್ನೂ ತೆಗೆಯಬೇಡಿ ಸರ್. ನಿಮ್ಮ 2021 ಕೆಟ್ಟಿಲ್ಲ, ಅದರ ಮೇಲೆ ಬೇರೆ ಫೈಲ್‌ಗಳು ಬಂದು ಕೂತಿವೆ ಅಷ್ಟೆ.

ಉಬುಂಟು, ಡೆಬಿಯನ್ ಎರಡರಲ್ಲೂ ಟೆಕ್ ಲೈವ್ ಬರುವುದು ಆ ಡಿಸ್ಟ್ರೋದವರ ಕೈಯಿಂದ. 22.04ಕ್ಕೆ 2021, 24.04ಕ್ಕೆ 2023, ಡೆಬಿಯನ್ 12ಕ್ಕೆ 2022, ಹೀಗೆ ಒಂದು ವರ್ಷದ್ದನ್ನು ಹಿಡಿದು ಅಲ್ಲೇ ನಿಲ್ಲಿಸಿರುತ್ತಾರೆ. ನೀವು ಎಷ್ಟು ಸಲ ಆಪ್ಟ್ ಅಪ್‌ಗ್ರೇಡ್ ಕೊಟ್ಟರೂ 22.04ರಲ್ಲಿ 2021 ಬಿಟ್ಟು ಮುಂದಕ್ಕೆ ಹೋಗುವುದಿಲ್ಲ. ಟಿಎಲ್‌ಮ್ಯಾನೇಜರ್ ಟೆಕ್ ಲೈವ್ ಮಾಡುವ ಮೂಲದವರ ಸಾಧನ. ಆಪ್ಟ್‌ನಿಂದ ಬಂದ ಟೆಕ್ ಲೈವ್‌ನಲ್ಲಿ ಅದು ನಿಮ್ಮ ಹೋಮ್ ಫೋಲ್ಡರಿಗೆ ಮಾತ್ರ ಕೆಲಸ ಮಾಡುತ್ತದೆ, ಸಿಸ್ಟಂ ಫೈಲ್‌ಗಳನ್ನು ಮುಟ್ಟುವುದಿಲ್ಲ. ಮುಟ್ಟಲೂಬಾರದು, ಆ ಫೈಲ್‌ಗಳ ಲೆಕ್ಕ ಇರುವುದು ಆಪ್ಟ್ ಹತ್ತಿರ. ಮೂಲದ ಟೆಕ್ ಲೈವ್ ಆದರೂ ವರ್ಷ ಬದಲಾದರೆ ಹೊಸದಾಗಿಯೇ ಹಾಕಿಕೊಳ್ಳುವುದು ಒಳ್ಳೆಯದು. ಸಾಮಾನ್ಯವಾಗಿ ಮಾರ್ಚ್ ಹೊತ್ತಿಗೆ ಹೊಸ ವರ್ಷದ್ದು ಬರುತ್ತದೆ, ಬೇರೆ ಫೋಲ್ಡರಿನಲ್ಲಿ ಕೂರುತ್ತದೆ, ಹಳೆಯದು ಹಾಗೇ ಇರುತ್ತದೆ. ಎರಡೂ ಜಗಳ ಇಲ್ಲದೆ ಒಂದೇ ಲ್ಯಾಪ್‌ಟಾಪಿನಲ್ಲಿ ಇರಬಹುದು.

ಇನ್ನು ಎರರ್‌ಗಳಿಗೆ ಕಾರಣ ಹೋಮ್‌ನ ಟೆಕ್ಸ್‌ಎಂಎಫ್ ಫೋಲ್ಡರ್. ಲೇಟೆಕ್ ಒಂದು ಪ್ಯಾಕೇಜ್ ಹುಡುಕುವಾಗ ಮೊದಲು ನಿಮ್ಮ ಪುಸ್ತಕದ ಫೋಲ್ಡರ್ ನೋಡುತ್ತದೆ, ಆಮೇಲೆ ಹೋಮ್‌ನ ಟೆಕ್ಸ್‌ಎಂಎಫ್, ಸಿಸ್ಟಂದು ಎಲ್ಲಕ್ಕಿಂತ ಕೊನೆಗೆ. ಅಂದರೆ ನೀವು ಇಳಿಸಿ ಹಾಕಿದ ಮೂರು ಪ್ಯಾಕೇಜು 2021ಕ್ಕೂ ಅಡ್ಡ ಬರುತ್ತವೆ, 2025ಕ್ಕೂ ಅಡ್ಡ ಬರುತ್ತವೆ. ಕೆಪಿಎಸ್‌ಈವಿಚ್ ಅಂತ ಒಂದು ಕಮ್ಯಾಂಡ್ ಇದೆ, ಅದರ ಮುಂದೆ ಪ್ಯಾಕೇಜಿನ ಸ್ಟೈಲ್ ಫೈಲ್ ಹೆಸರು ಕೊಡಿ. ಯಾವ ಜಾಗದ ಫೈಲನ್ನು ಎತ್ತಿಕೊಳ್ಳುತ್ತಿದೆ ಅಂತ ಒಂದೇ ಸಾಲಿನಲ್ಲಿ ಹೇಳುತ್ತದೆ. ಹೋಮ್ ಅಂತ ಬಂದರೆ ಆ ಫೋಲ್ಡರಿನ ಹೆಸರು ಬದಲಾಯಿಸಿ ಮತ್ತೆ ಓಡಿಸಿ ನೋಡಿ. ಡಿಲೀಟ್ ಮಾಡಬೇಡಿ, ಹೆಸರು ಬದಲಾಯಿಸಿದರೆ ಸಾಕು.

2025 ಹಾಕಿದರೂ 2021 ತೋರಿಸುವುದು ಪಾತ್ ವಿಷಯ, ಅಂದರೆ ಕಮ್ಯಾಂಡ್‌ಗಳನ್ನು ಯಾವ ಫೋಲ್ಡರುಗಳಲ್ಲಿ ಹುಡುಕಬೇಕು ಅನ್ನುವ ಪಟ್ಟಿ. ಹೊಸದರ ಬಿನ್ ಫೋಲ್ಡರನ್ನು ಪಾತ್‌ನಲ್ಲಿ ಎಲ್ಲಕ್ಕಿಂತ ಮುಂದೆ ಸೇರಿಸಬೇಕು. ಬ್ಯಾಶ್‌ಆರ್‌ಸಿಯಲ್ಲಿ ಹಾಕಿದರೆ ಟರ್ಮಿನಲ್‌ಗೆ ಮಾತ್ರ ಗೊತ್ತಾಗುತ್ತದೆ, ಮೆನುವಿನಿಂದ ತೆರೆದ ಟೆಕ್‌ಸ್ಟುಡಿಯೋದಂಥ ಎಡಿಟರ್ ಆಗ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಅದಕ್ಕೇ ಡಾಟ್ ಪ್ರೊಫೈಲ್ ಫೈಲ್‌ನಲ್ಲಿ ಹಾಕಿ, ಲಾಗ್‌ಔಟ್ ಆಗಿ ಬನ್ನಿ. ಸುಡೋ (ಅಡ್ಮಿನ್ ಅಧಿಕಾರ) ಜೊತೆ ಕೊಟ್ಟರೆ ಮತ್ತೆ ಹಳೆಯದೇ ಓಡುತ್ತದೆ, ಯಾಕೆಂದರೆ ಸುಡೋ ತನ್ನದೇ ಪಾತ್ ಇಟ್ಟುಕೊಂಡಿರುತ್ತದೆ, ನಿಮ್ಮದನ್ನು ನೋಡುವುದಿಲ್ಲ. ಈ ಗೋಜೇ ಬೇಡ ಅಂದರೆ ಮುಂದಿನ ಸಲ ಇನ್‌ಸ್ಟಾಲ್ ಮಾಡುವಾಗ ಸಿಸ್ಟಂ ಫೋಲ್ಡರ್ ಬದಲು ನಿಮ್ಮ ಹೋಮ್ ಒಳಗೇ ಜಾಗ ತೋರಿಸಿ. ಒಬ್ಬರೇ ಬಳಸುವ ಲ್ಯಾಪ್‌ಟಾಪ್ ಅಲ್ವಾ, ಸುಡೋ ಇಲ್ಲದೆ ಎಲ್ಲ ನಡೆಯುತ್ತದೆ. ನಾನು ಐದಾರು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ.

ಮೊಳೆ ಮತ್ತು ಮಸಿ, ಚಾಮರಾಜಪೇಟೆ:

ನಾನು ಪುಸ್ತಕಗಳ ಪುಟ ಕಟ್ಟುವ ಕೆಲಸ ಮಾಡುವವನು, ಅದರಲ್ಲಿ ಮೂರು ನಾಲ್ಕು ಲೇಟೆಕ್‌ನಲ್ಲೇ ಮಾಡಿದ್ದೇನೆ. ಮೇಲಿನವರು ಹೇಳಿದ್ದು ಸರಿ. ನಾನು ಬೇರೆ ಮಾತು ಹೇಳಬೇಕು. ಈ ಪುಸ್ತಕವನ್ನು 2025ಕ್ಕೆ ಒಯ್ಯಲೇಬೇಡಿ. 2021ರ ಟೆಕ್ ಲೈವ್‌ನಲ್ಲಿ ಶುರು ಮಾಡಿದ್ದೀರಿ, ಅದರಲ್ಲೇ ಮುಗಿಸಿ.

256 ಅಂದರೆ 16 ಪುಟದ 16 ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಸುವ ಪುಟಗಳ ಗುಂಪು), ಒಂದು ಪುಟ ಹೆಚ್ಚಿಲ್ಲ ಕಮ್ಮಿ ಇಲ್ಲ. 259 ಆದರೆ ಆ ಮೂರು ಪುಟಕ್ಕೆ ಇನ್ನೊಂದು ಫಾರಂ ಬೇಕು. ಕಾಗದ, ಪ್ಲೇಟು, ಬೈಂಡಿಂಗ್ ಎಲ್ಲ ಸೇರಿ ಖರ್ಚು ಬೀಳುತ್ತದೆ, ಕೊನೆಯಲ್ಲಿ ಖಾಲಿ ಹಾಳೆ ಉಳಿಯುತ್ತದೆ. ಪುಟ ಯಾಕೆ ಹೆಚ್ಚಾಯಿತು ಅಂತ ಗಾಬರಿ ಆಗಬೇಡಿ. ಕ್ನೂತ್ ಅವರು ಬರೆದ ಮೂಲ ಟೆಕ್ ಬದಲಾಗುವುದೇ ಅಪರೂಪ. ಅದರ ವರ್ಷನ್ ನಂಬರ್ ಪೈ ಕಡೆಗೆ ಒಂದೊಂದೇ ಅಂಕಿ ಸೇರಿಸಿಕೊಂಡು ಹೋಗುತ್ತದೆ, 2021ರಲ್ಲಿ 3.141592653ಕ್ಕೆ ಬಂತು. (ಗಣಿತದ ಮೇಷ್ಟ್ರಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.) ಬದಲಾಗುವುದು ಅದರ ಮೇಲೆ ಕೂತಿರುವ ಸಾವಿರಾರು ಪ್ಯಾಕೇಜು. ಒಂದು ಪ್ಯಾಕೇಜು ಶೀರ್ಷಿಕೆಯ ಕೆಳಗಿನ ಜಾಗವನ್ನು ಒಂದು ಪಾಯಿಂಟ್ ಆಚೀಚೆ ಮಾಡಿದರೆ ಸಾಕು, ಇನ್ನೊಂದು ಪದವನ್ನು ಬೇರೆ ಕಡೆ ಮುರಿದರೆ ಸಾಕು, ಒಂದು ಸಾಲು ಮುಂದಿನ ಪುಟಕ್ಕೆ ಬೀಳುತ್ತದೆ, ಅಲ್ಲಿದ್ದ ಚಿತ್ರ ಅದರ ಮುಂದಿನ ಪುಟಕ್ಕೆ ಹಾರುತ್ತದೆ. ಚಿತ್ರ ಜಾಸ್ತಿ ಇರುವ ಪುಸ್ತಕದಲ್ಲಿ ಮೂರು ಪುಟ ಏನೂ ಅಲ್ಲ.

ಇನ್ನೊಂದು ಕಾರಣವೂ ಇದೆ. ನೀವು ಪ್ರೂಫ್ ನೋಡಿರುವುದು ಹಳೆಯ ಪುಟಗಳ ಮೇಲೆ. ಸಾಲು ಬದಲಾದರೆ ಮತ್ತೆ 256 ಪುಟವನ್ನೂ ಕೂತು ನೋಡಬೇಕು. 78ರ ಅಪ್ಪನ ಕಣ್ಣಿಗೆ ಇನ್ನೊಂದು ಸಲ ಆ ಕೆಲಸ ಕೊಡಬೇಡಿ.

ಪುಸ್ತಕದ ಮೊದಲ ಸಾಲಿಗಿಂತ ಮುಂಚೆ ಲಿಸ್ಟ್‌ಫೈಲ್ಸ್ ಅನ್ನುವ ಕಮ್ಯಾಂಡ್ ಹಾಕಿ, ಅದರ ಶುರುವಿಗೆ ಬ್ಯಾಕ್‌ಸ್ಲ್ಯಾಶ್ ಮರೆಯಬೇಡಿ. ಯಾವ ಪ್ಯಾಕೇಜು, ಯಾವ ತಾರೀಖಿನದ್ದು ಅಂತ ಲಾಗ್ ಫೈಲಿನ ಕೊನೆಯಲ್ಲಿ ಪೂರ್ತಿ ಪಟ್ಟಿ ಬರುತ್ತದೆ. ಅದನ್ನು ಪುಸ್ತಕದ ಜೊತೆ ಜೋಪಾನವಾಗಿ ಇಡಿ. ಎರಡನೇ ಮುದ್ರಣಕ್ಕೆ ನಾಲ್ಕು ವರ್ಷ ಬಿಟ್ಟು ತೆರೆದಾಗ ಅದರ ಬೆಲೆ ಗೊತ್ತಾಗುತ್ತದೆ. ಈಗಲೂ 2021ರದ್ದು, 2025ರದ್ದು ಎರಡರ ಲಾಗ್ ಪಕ್ಕಪಕ್ಕ ಇಟ್ಟು ನೋಡಿದರೆ ಏನೇನು ಬದಲಾಗಿದೆ ಅಂತ ಕಾಣುತ್ತದೆ.

ಆ ಕೋಷ್ಟಕಕ್ಕೆ ಹೊಸ ಪ್ಯಾಕೇಜು ಬೇಕೇ ಬೇಕು ಅಂದರೆ ಹೋಮ್‌ನಲ್ಲಿ ಹಾಕಬೇಡಿ, ಆ ಒಂದು ಸ್ಟೈಲ್ ಫೈಲನ್ನು ಪುಸ್ತಕದ ಫೋಲ್ಡರಿನಲ್ಲೇ ಇಡಿ. ಈ ಪುಸ್ತಕಕ್ಕೆ ಮಾತ್ರ ತಗಲುತ್ತದೆ, ಬೇರೆಯವು ಹಾಳಾಗುವುದಿಲ್ಲ. ಆದರೆ ಹೊಸ ಟ್ಯಾಬುಲರ್‌ಎರ್ರೇ ಕೆಳಗಡೆ ಹೊಸ ಲೇಟೆಕ್ ಕೇಳಬಹುದು, 2021ರ ಮೇಲೆ ಓಡದೇ ಹೋಗಬಹುದು. ಒಂದು ಕೋಷ್ಟಕ ತಾನೇ, ಹಳೆಯ ಲಾಂಗ್‌ಟೇಬಲ್ ಪ್ಯಾಕೇಜಿನಲ್ಲಿ ಕೈಯಾರೆ ಕಟ್ಟಿಬಿಡಿ.

ಕೊನೆಗೆ ಪಿಡಿಎಫ್ ಕೊಡುವ ಮುಂಚೆ ಪಿಡಿಎಫ್‌ಫಾಂಟ್ಸ್ ಕಮ್ಯಾಂಡ್ ಓಡಿಸಿ ಎಲ್ಲ ಫಾಂಟೂ ಒಳಗೆ ಸೇರಿದೆಯಾ ಅಂತ ನೋಡಿಕೊಳ್ಳಿ. ಪ್ರೆಸ್ಸಿನವರು ಮೊದಲು ಕೇಳುವುದು ಅದನ್ನೇ.

ಹಾಸ್ಟೆಲ್ ರೂಮ್ 14, ಯಶವಂತಪುರ:

ನಾನು ಒಂದು ಮಾತು ಸೇರಿಸಬಹುದಾ? ಎಲ್ಲ ಕಡೆ ಟೆಕ್ ಲೈವ್ ಫುಲ್ ಹಾಕಿ ಅನ್ನುತ್ತಾರೆ, ನನ್ನ ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗ ಇಲ್ಲ. ಹಾಸ್ಟೆಲ್ ವೈಫೈಯಲ್ಲಿ ಅರ್ಧಕ್ಕೆ ನಿಂತು ಎರಡು ಸಲ ಮೊದಲಿನಿಂದ ಶುರು ಮಾಡಿದೆ. ಝೀಲೇಟೆಕ್‌ನಲ್ಲಿ ಕನ್ನಡ ಥೀಸಿಸ್ ಬರೆಯಲು ನಿಜವಾಗಿ ಎಷ್ಟು ಬೇಕು? ಇನ್ನು ಕೆಲವರು ಲುವಾಲೇಟೆಕ್ ಚೆನ್ನಾಗಿದೆ ಅನ್ನುತ್ತಾರೆ, ಅದರಲ್ಲಿ ನನಗೆ ಒತ್ತಕ್ಷರ ಪಕ್ಕಕ್ಕೆ ಬಂದು ಕೂತವು.

ಪೆಂಗ್ವಿನ್ ಪುಟ, ವಿಜಯನಗರ:

ಫುಲ್ ಅಂದರೆ 8 ಜಿಬಿ ಆಸುಪಾಸು, ನಿಮಗೆ ಬೇಕಿಲ್ಲ. ಆಪ್ಟ್‌ನಿಂದಾದರೆ ಟೆಕ್ಸ್‌ಲೈವ್ ಝೀಟೆಕ್, ಲೇಟೆಕ್ ಎಕ್ಸ್‌ಟ್ರಾ, ಲ್ಯಾಂಗ್ ಅದರ್, ಇಷ್ಟು ಹಾಕಿ. ಕನ್ನಡ ಪದ ಮುರಿಯುವ ಪ್ಯಾಟರ್ನ್‌ಗಳು ಲ್ಯಾಂಗ್ ಅದರ್‌ನಲ್ಲಿವೆ, ಅದು ಬಿಟ್ಟರೆ ಉದ್ದುದ್ದ ಪದಗಳು ಸಾಲಿನ ಆಚೆ ಚಾಚಿಕೊಳ್ಳುತ್ತವೆ. ಆಕರಪಟ್ಟಿಗೆ ಬೈಬರ್ ಬೇಕಾದರೆ ಅದು ಬೇರೆ ಪ್ಯಾಕೇಜು, ಅದನ್ನೂ ಆಪ್ಟ್‌ನಿಂದಲೇ ತನ್ನಿ, ಬೈಬರ್ ಒಂದು ಕಡೆಯದು, ಅದರ ಜೋಡಿ ಪ್ಯಾಕೇಜು ಬಿಬ್‌ಲೇಟೆಕ್ ಇನ್ನೊಂದು ಕಡೆಯದು ಆದರೆ ಎರಡೂ ಒಂದಕ್ಕೊಂದು ಹೊಂದದೇ ಹೋಗಬಹುದು.

ಮೂಲದ ಇನ್‌ಸ್ಟಾಲರ್ ಆದರೆ ಸ್ಕೀಮ್ ಸ್ಮಾಲ್ ಆರಿಸಿ, ಡಾಕ್ಯುಮೆಂಟೇಶನ್ ಮತ್ತು ಸೋರ್ಸ್ ಬೇಡ ಅನ್ನಿ. ಸೈಜು ತುಂಬಾ ಇಳಿಯುತ್ತದೆ. ಬೇಕಾದ ಪ್ಯಾಕೇಜನ್ನು ಆಮೇಲೆ ಟಿಎಲ್‌ಮ್ಯಾನೇಜರ್ ಇನ್‌ಸ್ಟಾಲ್ ಅಂತ ಒಂದೊಂದೇ ತರಿಸಿಕೊಳ್ಳಿ. ನೆಟ್ ಕೈಕೊಡುವ ಕಡೆ ಪೂರ್ತಿ ಟೆಕ್ ಲೈವ್ ಒಟ್ಟಿಗೆ ಇರುವ ಐಎಸ್ಒ ಫೈಲ್ ಒಳ್ಳೆಯದು, ನೆಟ್ ಚೆನ್ನಾಗಿರುವ ಗೆಳೆಯರ ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತಂದು ಹಾಕಬಹುದು.

ಲುವಾಲೇಟೆಕ್‌ನಲ್ಲಿ ಫಾಂಟ್ ಹೇಳುವ ಸಾಲಿನಲ್ಲಿ ರೆಂಡರರ್ ಹಾರ್ಫ್‌ಬಝ್ (ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಭಾಗ) ಅಂತಲೂ ಸ್ಕ್ರಿಪ್ಟ್ ಕನ್ನಡ ಅಂತಲೂ ಸೇರಿಸಿ. 2020ರ ಟೆಕ್ ಲೈವ್‌ನಿಂದ ಈಚೆಗೆ ಲುವಾಲೇಟೆಕ್ ಒಳಗೇ ಹಾರ್ಫ್‌ಬಝ್ ಇದೆ, ಆದರೆ ನೀವು ಹೇಳದಿದ್ದರೆ ಅದು ಕೆಲಸಕ್ಕೆ ಇಳಿಯುವುದಿಲ್ಲ.

ಮೊಳೆ ಮತ್ತು ಮಸಿ, ಚಾಮರಾಜಪೇಟೆ:

ಹಾಸ್ಟೆಲ್ ತಮ್ಮಾ, ಒಂದು ಪರೀಕ್ಷೆಯ ಹಾಳೆ ಮಾಡಿಟ್ಟುಕೋ. ನಾನು ಏನೇ ಅಪ್‌ಡೇಟ್ ಮಾಡಿದರೂ ಮೊದಲು ಅದನ್ನೇ ಓಡಿಸುತ್ತೇನೆ. ಅರ್ಧ ಪುಟ ಅಷ್ಟೆ: ರಾಷ್ಟ್ರ, ಸ್ತ್ರೀ, ಕರ್ತೃ, ಜ್ಞಾನ, ಲಕ್ಷ್ಮೀ, ಸೂರ್ಯ. ಅದರ ಪಕ್ಕದಲ್ಲೇ ರ‍್ಯಾಂಕ್. ಸೂರ್ಯದಲ್ಲಿ ಅರ್ಕಾವತ್ತು ಬರಬೇಕು, ರ‍್ಯಾಂಕ್‌ನಲ್ಲಿ ಬರಬಾರದು. ಆ ರ ಆದಮೇಲೆ ಕಣ್ಣಿಗೆ ಕಾಣದ ಒಂದು ಜೋಡಕ್ಷರ ಗುರುತು ಇರುತ್ತದೆ, ಅದನ್ನು ಯಾವುದಾದರೂ ಹಂತದಲ್ಲಿ ಸಾಫ್ಟ್‌ವೇರ್ ನುಂಗಿದರೆ ರ್ಯಾಂಕ್ ಅಂತ ಅಚ್ಚಾಗಿಬಿಡುತ್ತದೆ. ಈ ಏಳು ಪದ ಸರಿ ಬಂದರೆ ಬೇರೆಯವುಗಳ ಬಗ್ಗೆ ಚಿಂತೆ ಬೇಡ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಬರಹ ಇದ್ದರೆ ಅದನ್ನು ಮೊದಲು ಯೂನಿಕೋಡ್‌ಗೆ ತಂದು, ಆಮೇಲೆ ಇಲ್ಲಿ ಹಾಕು.

ಕಾಗದದ ದೋಣಿ, ಬಸವನಗುಡಿ:

ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕೂತು ನೋಡಿದೆ. ಕೆಪಿಎಸ್‌ಈವಿಚ್ ಕೊಟ್ಟ ತಕ್ಷಣ ಮೂರು ಪ್ಯಾಕೇಜೂ ಹೋಮ್ ಫೋಲ್ಡರ್ ಅಂತ ಬಂತು. ಆ ಫೋಲ್ಡರಿನ ಹೆಸರು ಬದಲಾಯಿಸಿ, ಲೇಟೆಕ್ ತಾನೇ ಬರೆದಿಟ್ಟಿದ್ದ ಹಳೆಯ ಆಕ್ಸ್ ಫೈಲ್‌ಗಳನ್ನೆಲ್ಲ ಅಳಿಸಿ, 2021ರಲ್ಲಿ ಮೂರು ಸಲ ಓಡಿಸಿದೆ. 256. ಒಂದು ಎರರ್ ಇಲ್ಲ. ಪ್ರೂಫ್ ನೋಡಿದ್ದ ಹಳೆಯ ಪಿಡಿಎಫ್ ಪಕ್ಕದಲ್ಲಿಟ್ಟು ಅಧ್ಯಾಯ ಶುರುವಾಗುವ ಪುಟ ಎಲ್ಲ ತಾಳೆ ನೋಡಿದೆ, ಎಲ್ಲ ಅವೇ ಪುಟ.

ಹೊಸ ಟ್ಯಾಬುಲರ್‌ಎರ್ರೇ ಪುಸ್ತಕದ ಫೋಲ್ಡರಿನಲ್ಲಿ ಇಟ್ಟು ನೋಡಿದೆ, ನೀವು ಹೇಳಿದ ಹಾಗೇ 2021 ಒಪ್ಪಲಿಲ್ಲ. ಕೋಷ್ಟಕವನ್ನು ಲಾಂಗ್‌ಟೇಬಲ್‌ನಲ್ಲಿ ಕಟ್ಟಿದೆ, ಒಂದೂವರೆ ಗಂಟೆ ಹಿಡಿಯಿತು, ನೋಡಲು ಚೆನ್ನಾಗಿಯೇ ಇದೆ. 2025 ಅಲ್ಲೇ ಇರಲಿ, ಪಾತ್‌ಗೆ ಸೇರಿಸಿಲ್ಲ. ಪುಸ್ತಕ ಅಚ್ಚಿಗೆ ಹೋದ ಮೇಲೆ ಅದಕ್ಕೆ ಬರುತ್ತೇನೆ. ಅಪ್ಪನ ಹತ್ತಿರ ತ್ರಿಕೋನಮಿತಿಯ ಮೇಲೆ ಇನ್ನೂ ಎರಡು ನೋಟ್‌ಬುಕ್ ಇವೆ, ಅದನ್ನು ಹೊಸದರಲ್ಲೇ ಶುರು ಮಾಡುತ್ತೇನೆ, ಈ ಸಲ ಹೋಮ್ ಒಳಗೆ, ಸುಡೋ ಇಲ್ಲದೆ.

ಪೈ ವಿಷಯ ಬೆಳಿಗ್ಗೆ ಕಾಫಿ ಕುಡಿಯುವಾಗ ಅಪ್ಪನಿಗೆ ಹೇಳಿದೆ. ಲೋಟ ಕೆಳಗಿಟ್ಟು, ಪೇಪರಿನ ಅಂಚಿನಲ್ಲಿ ಆ ಅಂಕಿ ಬರೆದುಕೊಂಡು, ಮುಂದಿನ ಅಂಕಿ 5 ಅಂದರು.