ಧಾರವಾಡದ ಥಂಡಿಗೆ ನಮ್ಮ ಫೈಟರ್ ಮೀನು ತಳ ಬಿಟ್ಟು ಏಳುತ್ತಿಲ್ಲ

ಪ್ರಶ್ನೆ: ಸಪ್ತಾಪುರದ ಅಮ್ಮ

ಎಲ್ಲರಿಗೂ ನಮಸ್ಕಾರ. ಗಣಪತಿ ಹಬ್ಬ ಮುಗಿದ ಮೇಲೆ ನಮ್ಮ ಮಗಳು ತಾನು ಕೂಡಿಟ್ಟ ದುಡ್ಡಿನಲ್ಲಿ ಒಂದು ಫೈಟರ್ ಮೀನು ತಂದಳು. ನೀಲಿ ಮೈ, ರೆಕ್ಕೆಯ ಅಂಚಿಗೆ ಕೆಂಪು. ಹೆಸರು ನವಿಲು. ಮಗಳಿಗೆ 8 ವರ್ಷ. ಶಾಲೆಯಿಂದ ಬಂದರೆ ಬೆನ್ನಿನ ಚೀಲ ಇಳಿಸುವ ಮೊದಲೇ ಅದರ ಹತ್ತಿರ ಓಡುತ್ತಾಳೆ. ಅವಳು ಗಾಜಿಗೆ ಬೆರಳು ಹಚ್ಚಿದರೆ ಸಾಕು, ಅದು ರೆಕ್ಕೆ ಬಿಚ್ಚಿಕೊಂಡು ಬರುತ್ತಿತ್ತು.

ಒಂದು ವಾರದಿಂದ ಹಾಗಿಲ್ಲ. ಜಾರಿನ ತಳದಲ್ಲಿ ಕಲ್ಲಿನ ಪಕ್ಕ ಒರಗಿಕೊಂಡು ಕೂತಿರುತ್ತದೆ. ರೆಕ್ಕೆ ಎಲ್ಲ ಮೈಗೆ ಅಂಟಿಕೊಂಡಂತಿವೆ. ನೀಲಿ ಬಣ್ಣ ಮಂಕಾಗಿ ಬೂದಿಯ ಹಾಗೆ ಕಾಣುತ್ತದೆ. ಆಗಾಗ ಕಷ್ಟಪಟ್ಟು ಮೇಲೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡು ಮತ್ತೆ ಕೆಳಗೆ ಹೋಗುತ್ತದೆ. ಹಾಕಿದ ಕಾಳು ಹಾಗೇ ತೇಲುತ್ತಿರುತ್ತವೆ.

ಜಾರು 4 ಲೀಟರಿನದು. ಕಿಟಕಿ ಪಕ್ಕ ಕಡಪಾ ಕಲ್ಲಿನ ಕಟ್ಟೆಯ ಮೇಲೆ ಇಟ್ಟಿದ್ದೇವೆ. ನಮ್ಮದು ಹಳೆಯ ಹಂಚಿನ ಮನೆ, ರಾತ್ರಿ ಹಂಚಿನ ಸಂದಿಯಿಂದಲೇ ಥಂಡಿ ಇಳಿಯುತ್ತದೆ. ಅಂಗಡಿಯವರನ್ನು ಕೇಳಿದರೆ "ರೋಗ ಬಂದಿದೆ" ಅಂತ ನೀಲಿ ಔಷಧಿ ಕೊಟ್ಟರು. ಇನ್ನೂ ಹಾಕಿಲ್ಲ, ಯಾಕೋ ಕೈ ಬರಲಿಲ್ಲ. ನಮ್ಮ ಅತ್ತೆ ಮಾತ್ರ ಒಂದೇ ಮಾತು ಹೇಳುತ್ತಿದ್ದಾರೆ: "ಅದಕ್ಕ ಥಂಡಿ ಹತ್ತೇತಿ. ನಮಗ ಕಂಬಳಿ ಬೇಕು, ಅದಕ್ಕ ಬ್ಯಾಡೇನು?"

ನೀರಿನ ಬಿಸಿ ನೋಡೋಣ ಅಂತ ಜ್ವರ ನೋಡುವ ಥರ್ಮಾಮೀಟರ್ ಅದ್ದಿದೆ. ಬರೀ "ಲೋ" ಅಂತ ತೋರಿಸುತ್ತದೆ. ಜಾರಿಗೆ ಸ್ವಲ್ಪ ಬಿಸಿನೀರು ಸುರಿದರೆ ಆಗುತ್ತದಾ? ಮಗಳು ನಿನ್ನೆ ರಾತ್ರಿ ತನ್ನ ಸ್ವೆಟರ್ ತಂದು ಜಾರಿಗೆ ಸುತ್ತಿ ಮಲಗಿದಳು. ದಯವಿಟ್ಟು ತಿಳಿದವರು ಹೇಳಿ.


ಉತ್ತರ: ಉಣಕಲ್ ಕೆರೆ ದಂಡೆ

ಅಕ್ಕಾವ್ರೆ, ಮೊದಲು ಒಂದು ಮಾತು. ಬಿಸಿನೀರು ಸುರಿಯಬೇಡಿ. ಔಷಧಿಯನ್ನೂ ಈಗಲೇ ಹಾಕಬೇಡಿ. ನಿಮ್ಮ ಅತ್ತೆಯವರು ಹೇಳಿದ್ದೇ ಸರಿ ಅಂತ ನನಗೆ ಅನಿಸುತ್ತದೆ. ತಳ ಹಿಡಿದು ಕೂರುವುದು, ರೆಕ್ಕೆ ಮುಚ್ಚಿಕೊಳ್ಳುವುದು, ಬಣ್ಣ ಮಂಕಾಗುವುದು, ತಿನ್ನದಿರುವುದು, ಎಲ್ಲವೂ ಚಳಿ ಹಿಡಿದ ಫೈಟರ್ ಮಾಡುವ ಕೆಲಸ.

ನಾನು 9 ವರ್ಷದಿಂದ ಫೈಟರ್ ಸಾಕುತ್ತಿದ್ದೇನೆ. ಮೊದಲನೆಯದನ್ನು ಕಳೆದುಕೊಂಡಿದ್ದು ಡಿಸೆಂಬರಿನಲ್ಲೇ. ನಿಮ್ಮ ಹಾಗೇ ಚಿಕ್ಕ ಜಾರು. ಮುಂಜಾನೆ ಮೀನು ಅಲ್ಲಾಡುತ್ತಿರಲಿಲ್ಲ. ಗಾಬರಿಯಾಗಿ ಸ್ನಾನದ ಹಂಡೆಯಿಂದ ಒಂದು ಚೊಂಬು ಬಿಸಿನೀರು ತಂದು ಹಾಕಿದೆ. ಒಂದು ಸಲ ಇಡೀ ಜಾರು ಸುತ್ತಿತು, ನನಗೆ ಖುಷಿಯಾಯಿತು. ಮಧ್ಯಾಹ್ನಕ್ಕೆ ಸತ್ತಿತ್ತು. ಈಗಲೂ ಆ ಚೊಂಬು ನೆನಪಾಗುತ್ತದೆ. ನೀರಿನ ಬಿಸಿ ಒಮ್ಮೆಲೇ ಏರಿದರೂ ಅಷ್ಟೇ, ಇಳಿದರೂ ಅಷ್ಟೇ, ಮೀನಿನ ಮೈ ತಡೆಯುವುದಿಲ್ಲ. ಅದರಲ್ಲೂ ಅದು ತಾಮ್ರದ ಹಂಡೆ. ನೀರಿನಲ್ಲಿ ಕರಗಿದ ತಾಮ್ರ ಮೀನಿಗೆ ವಿಷ ಅಂತ ಆಮೇಲೆ ಗೊತ್ತಾಯಿತು. ಬಿಸಿನೀರು ಬೇಕಾದಾಗ ಸ್ಟೀಲ್ ಪಾತ್ರೆಯಲ್ಲೇ ಕಾಯಿಸಿ.

ಫೈಟರ್ ಮೂಲ ಥಾಯ್ಲೆಂಡ್ ಕಡೆಯದು. ಅಲ್ಲಿ ಇದನ್ನು "ಪ್ಲಾ ಕಾಟ್" ಅನ್ನುತ್ತಾರೆ, ಕಚ್ಚುವ ಮೀನು ಅಂತ ಅರ್ಥ. ಭತ್ತದ ಗದ್ದೆ, ಹುಲ್ಲು ಬೆಳೆದ ಹೊಂಡ, ನಿಧಾನಕ್ಕೆ ಹರಿಯುವ ಕಾಲುವೆ, ಇಂಥ ಬೆಚ್ಚಗಿನ ನೀರಿನಲ್ಲಿ ಬೆಳೆದ ಜಾತಿ. ಅದಕ್ಕೆ 24ರಿಂದ 28 ಡಿಗ್ರಿ ಬೇಕು. 25–26 ಇದ್ದರೆ ಆರಾಮ. ಮೀನಿಗೆ ನಮ್ಮ ಹಾಗೆ ಮೈಯೊಳಗೆ ಬಿಸಿ ಇರುವುದಿಲ್ಲ. ನೀರು ಎಷ್ಟು ತಣ್ಣಗೋ ಅದರ ಮೈಯೂ ಅಷ್ಟೇ ತಣ್ಣಗೆ. ಅದಕ್ಕೇ ತಿಂದದ್ದು ಜೀರ್ಣ ಆಗುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬರುವುದೂ ಹೀಗೆ ನೀರು ತಣ್ಣಗಾದಾಗಲೇ ಜಾಸ್ತಿ. ಸಂಜೆ ಮೊಬೈಲ್ ಬೆಳಕು ಅಡ್ಡ ಹಿಡಿದು ಒಮ್ಮೆ ನೋಡಿ. ಚುಕ್ಕೆ ಇಲ್ಲದಿದ್ದರೆ ಆ ಔಷಧಿ ಮುಚ್ಚಳ ತೆಗೆಯುವುದೇ ಬೇಡ.

ಜ್ವರದ ಥರ್ಮಾಮೀಟರಿಗೆ ಇಷ್ಟು ತಣ್ಣಗಿನ ಲೆಕ್ಕವೇ ಸಿಗುವುದಿಲ್ಲ, ಅದಕ್ಕೇ "ಲೋ". ಅಕ್ವೇರಿಯಂ ಅಂಗಡಿಯಲ್ಲಿ ರಬ್ಬರ್ ಬಟ್ಟಲು ಇರುವ ಗಾಜಿನ ಥರ್ಮಾಮೀಟರ್ ಸಿಗುತ್ತದೆ. ಇವತ್ತೇ ತನ್ನಿ. ನಿಮ್ಮ ಜಾರು 18ರ ಒಳಗೇ ಇರುತ್ತದೆ ಅಂತ ನನ್ನ ಲೆಕ್ಕ. ಕಡಪಾ ಕಲ್ಲು ರಾತ್ರಿಯಿಡೀ ಕೆಳಗಿನಿಂದ ಬಿಸಿ ಎಳೆದುಕೊಳ್ಳುತ್ತದೆ, ಕಿಟಕಿ ಪಕ್ಕದಿಂದ. 4 ಲೀಟರ್ ನೀರು ಎಷ್ಟು ಹೊತ್ತು ತಡೆಯುತ್ತದೆ ಹೇಳಿ? ಈಗಲೇ ಅದನ್ನು ಒಳಗಿನ ಗೋಡೆ ಪಕ್ಕ ಸರಿಸಿ, ಕೆಳಗೆ ಥರ್ಮಾಕೋಲ್ ಹಾಕಿ. ಮಗಳ ಸ್ವೆಟರ್ ಹಾಗೇ ಇರಲಿ, ಅದು ಒಳ್ಳೆಯ ಕೆಲಸವೇ. ಆದರೆ ಅದು ಇದ್ದ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ, ಹೊಸದಾಗಿ ಕೊಡುವುದಿಲ್ಲ. ಜಾರಿನ ಬಾಯಿ ಮಾತ್ರ ಪೂರ್ತಿ ಮುಚ್ಚಬೇಡಿ.

ನಿಜವಾದ ಪರಿಹಾರ ಅಂದರೆ ದೊಡ್ಡ ನೀರು ಮತ್ತು ಸಣ್ಣ ಹೀಟರ್. 20 ಲೀಟರ್ ನೀರು ಹಿಡಿಯುವ ತೊಟ್ಟಿ ಸಾಕು. 40 ಸೆಂಟಿಮೀಟರ್ ಉದ್ದ, 25 ಅಗಲ, 20 ಎತ್ತರಕ್ಕೆ ನೀರು ನಿಂತರೆ ಸರಿಯಾಗಿ 20 ಲೀಟರ್. ಅದಕ್ಕೆ 50 ವ್ಯಾಟ್ ಹೀಟರ್, ಡಿಗ್ರಿ ತಿರುಗಿಸುವ ಬಿರಡೆ ಇರುವಂಥದ್ದು. 25 ವ್ಯಾಟ್ ಸಾಕು ಅನ್ನುತ್ತಾರೆ, ಹಂಚಿನ ಮನೆಗೆ ಅದು ಸಾಲುವುದಿಲ್ಲ. 100 ವ್ಯಾಟ್ ಕೊಟ್ಟರೂ ಬೇಡ. ಕಡಿಮೆ ಬೆಲೆಯ ಹೀಟರ್ ಕೆಲವು ಸಲ ಆಫ್ ಆಗದೆ ಉಳಿದುಬಿಡುತ್ತದೆ, ಆಗ ದೊಡ್ಡ ಹೀಟರ್ ಮೀನನ್ನು ಬೇಯಿಸಿಬಿಡುತ್ತದೆ.

ಜಾರಿಗೇ ಹೀಟರ್ ಹಾಕಬಹುದಲ್ವಾ ಅಂತ ಕೇಳಬಹುದು. ಲೆಕ್ಕ ನೋಡಿ. 50 ವ್ಯಾಟ್ ಹೀಟರ್ 20 ಲೀಟರ್ ನೀರನ್ನು ಗಂಟೆಗೆ ಹೆಚ್ಚೆಂದರೆ 2 ಡಿಗ್ರಿ ಏರಿಸುತ್ತದೆ. ಅದೇ ಹೀಟರ್ 4 ಲೀಟರಿಗೆ ಹಾಕಿದರೆ ಗಂಟೆಗೆ 10 ಡಿಗ್ರಿ. ನನ್ನ ಚೊಂಬಿನ ಕಥೆ ಮತ್ತೆ ಆಗುತ್ತದೆ.

ಹೊಸ ತೊಟ್ಟಿಗೆ ಎರಡು ದಿನ ತೆರೆದಿಟ್ಟ ನಲ್ಲಿ ನೀರು ಹಾಕಿ, ಕ್ಲೋರಿನ್ ತೆಗೆಯುವ ಹನಿಯನ್ನೂ ಹಾಕಿ. ಹೀಟರ್ ಹಚ್ಚುವ ಮೊದಲೇ, ಎರಡೂ ನೀರು ಒಂದೇ ತಣ್ಣಗಿರುವಾಗ ಮೀನು ಬಿಡಿ. ಆಮೇಲೆ ಹೀಟರ್ 20ಕ್ಕೆ ಇಡಿ. ಮೂರು ನಾಲ್ಕು ಗಂಟೆಗೊಮ್ಮೆ 2 ಡಿಗ್ರಿ ಏರಿಸುತ್ತಾ ಮಾರನೆಯ ದಿನಕ್ಕೆ 26ಕ್ಕೆ ಬನ್ನಿ. ಬಿರಡೆಯ ಮೇಲಿನ ಅಂಕಿ ನಂಬಬೇಡಿ, ತೊಟ್ಟಿಯ ಇನ್ನೊಂದು ತುದಿಗೆ ಅಂಟಿಸಿದ ಥರ್ಮಾಮೀಟರ್ ನಂಬಿ.

ಇನ್ನೊಂದು ಮುಖ್ಯ ವಿಷಯ. ಫೈಟರ್ ನೀರಿನಿಂದ ಮಾತ್ರ ಅಲ್ಲ, ಮೇಲೆ ಬಂದು ಬಾಯಿಯಿಂದಲೂ ಗಾಳಿ ತೆಗೆದುಕೊಳ್ಳುತ್ತದೆ. ಅದರ ತಲೆಯಲ್ಲಿ ಅದಕ್ಕೇ ಒಂದು ಅಂಗ ಇದೆ. ನೀರು ಬೆಚ್ಚಗಿದ್ದು ಮೇಲಿನ ಗಾಳಿ ಕೊರೆಯುತ್ತಿದ್ದರೆ ಅದಕ್ಕೆ ತ್ರಾಸ. ಹಾಗಾಗಿ ನೀರಿನ ಮೇಲೆ ಒಂದೂವರೆ ಇಂಚು ಜಾಗ ಬಿಟ್ಟು ಗಾಜಿನ ಮುಚ್ಚಳ ಇಡಿ, ಒಂದು ಮೂಲೆ ತೆರೆದಿರಲಿ. ಮುಚ್ಚಳ ಇಲ್ಲದಿದ್ದರೆ ಬಿಸಿಯೂ ಹೋಗುತ್ತದೆ, ಮೀನೂ ಹಾರುತ್ತದೆ.

ನೀರು ಬದಲಿಸುವ ಮೊದಲು ಹೀಟರಿನ ಪ್ಲಗ್ ಕಿತ್ತು 20 ನಿಮಿಷ ಬಿಡಿ. ಬಿಸಿ ಗಾಜು ನೀರಿನಿಂದ ಹೊರಗೆ ಬಂದರೆ ಒಡೆಯುತ್ತದೆ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿಬಿದ್ದು ಆಮೇಲೆ ಮೇಲೆ ಹೋಗುವ ಹಾಗಿರಲಿ, ಜಾರಿದ ಹನಿ ಪ್ಲಗ್ಗಿಗೆ ಹೋಗಬಾರದು. ಮನೆಯಲ್ಲಿ ಮಗು ಇದೆ, ಪ್ಲಗ್ ಹಾಕಿದ್ದಾಗ ನೀರಿಗೆ ಕೈ ಹಾಕಬಾರದು ಅಂತ ಹೇಳಿಕೊಡಿ.


ಉತ್ತರ: ರಾಣೆಬೆನ್ನೂರು ಮಾಸ್ತರ್

ನಮ್ಮ ಮನೆಯಲ್ಲಿ ಹೀಟರ್ ಇಲ್ಲದೆಯೇ ಒಂದು ಫೈಟರ್ 3 ವರ್ಷ ಚೆನ್ನಾಗಿತ್ತು. ಆರ್‌ಸಿಸಿ ಮನೆ, ತೊಟ್ಟಿ ನಡುಮನೆಯಲ್ಲಿ. ಸಂಕ್ರಾಂತಿವರೆಗೆ ಕಷ್ಟ, ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಹೋಗುತ್ತದೆ. ಎರಡು ತಿಂಗಳಿಗೆ ಹೀಟರ್ ಯಾಕೆ? ತೊಟ್ಟಿಯ ಮೇಲೆ 40 ವ್ಯಾಟ್ ಬಲ್ಬು ಹಚ್ಚಿಟ್ಟರೆ ಸಾಲದಾ?


ಉತ್ತರ: ಉಣಕಲ್ ಕೆರೆ ದಂಡೆ

ಮಾಸ್ತರೆ, ಮುಂಜಾನೆ ಆರಕ್ಕೆ ಥರ್ಮಾಮೀಟರ್ ನೋಡಿ. 24ರ ಕೆಳಗೆ ಇಳಿಯದಿದ್ದರೆ ನಿಮ್ಮ ಮನೆಗೆ ಹೀಟರ್ ಬೇಡ, ನಿಮ್ಮ ಮಾತು ಒಪ್ಪುತ್ತೇನೆ. ಸಪ್ತಾಪುರದ ಹಂಚಿನ ಮನೆ ಬೇರೆ. ಬಲ್ಬು ಮೇಲಿನ ನೀರನ್ನಷ್ಟೇ ಬೆಚ್ಚಗೆ ಮಾಡುತ್ತದೆ, ತಳ ತಣ್ಣಗೇ ಇರುತ್ತದೆ. ಥಂಡಿ ಜಾಸ್ತಿ ಇರುವುದು ರಾತ್ರಿ. ಆಗ ಬಲ್ಬು ಹಚ್ಚಿದರೆ ಮೀನಿಗೆ ಕತ್ತಲು ಸಿಗುವುದಿಲ್ಲ, ನಿದ್ದೆ ಕೆಡುತ್ತದೆ. ಕರೆಂಟಿನ ಖರ್ಚು ನೋಡಿದರೂ 50 ವ್ಯಾಟ್ ಹೀಟರ್ ದಿನಕ್ಕೆ ಒಟ್ಟು 12 ಗಂಟೆ ಉರಿದರೆ 0.6 ಯೂನಿಟ್. ತಿಂಗಳಿಗೆ 18 ಯೂನಿಟ್ ಆಯಿತು.


ಉತ್ತರ: ಬೆಟಗೇರಿ ಮಗ್ಗ

ಅಕ್ಕಾವ್ರೆ, ನಾನು ಗದಗ ಬೆಟಗೇರಿಯವಳು. ಕರೆಂಟ್ ಹೋದಾಗ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕುರಿ ಉಣ್ಣೆಯ ಕರಿ ಕಂಬಳಿ ಇದ್ದರೆ ತೊಟ್ಟಿಯ ನಾಲ್ಕೂ ಕಡೆ ಎರಡು ಸುತ್ತು ಸುತ್ತಿ, ಗಾಳಿಗೆ ಮೇಲೆ ಒಂದು ಮೂಲೆ ಬಿಡಿ. 20 ಲೀಟರ್ ನೀರು ಎರಡು ಮೂರು ಗಂಟೆ ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತಾದರೆ ಅರ್ಧ ಲೀಟರ್ ಬಾಟಲಿಯಲ್ಲಿ ಕೈ ತಡೆಯುವಷ್ಟು ಬಿಸಿನೀರು ತುಂಬಿ, ಬಿರಡೆ ಬಿಗಿ ಮಾಡಿ, ತೊಟ್ಟಿಯಲ್ಲಿ ತೇಲಿಬಿಡಿ. ಬಾಟಲಿಯ ಹೊರಗೆ ಸೋಪು, ಎಣ್ಣೆ ಇರಬಾರದು. ತಣ್ಣಗಾದ ಮೇಲೆ ಬದಲಿಸಿ. ಹೋದ ವರ್ಷ ಎಳ್ಳಮಾವಾಸ್ಯೆ ಹಿಂದಿನ ರಾತ್ರಿ ಹೀಗೆ ಮೂರು ಬಾಟಲಿ ಬದಲಿಸುತ್ತಾ ಕೂತಿದ್ದೆ. ಮರುದಿನ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗಲೂ ಕಂಬಳಿ ಬಿಚ್ಚಿರಲಿಲ್ಲ. ಮೀನಿಗೆ ಏನೂ ಆಗಲಿಲ್ಲ.

ಚಳಿ ಬಿಡುವವರೆಗೆ ಕಾಳು ಕಡಿಮೆ ಹಾಕಿ. ಮೈ ಬೆಚ್ಚಗಾಗುವ ಮೊದಲು ಸುಮ್ನೆ ಹೊಟ್ಟೆ ತುಂಬಿಸಬೇಡಿ.


ಸಪ್ತಾಪುರದ ಅಮ್ಮ

ಅಣ್ಣಾವ್ರೆ, ತಂಗಿ, ಮಾಸ್ತರೆ, ಎಲ್ಲರಿಗೂ ಮನಸ್ಸಿನಿಂದ ಥ್ಯಾಂಕ್ಸ್.

ಥರ್ಮಾಮೀಟರ್ ತಂದು ಜಾರಿಗೆ ಇಳಿಬಿಟ್ಟಾಗ 17 ತೋರಿಸಿತು. ನೋಡಿ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು, ಇಷ್ಟು ದಿನ ಅದರಲ್ಲೇ ಇತ್ತಲ್ಲ ಅಂತ. ಬಿಳಿ ಚುಕ್ಕೆ ಏನೂ ಇರಲಿಲ್ಲ. ನಮ್ಮವರು ಅದೇ ಸಂಜೆ ತೊಟ್ಟಿ, 50 ವ್ಯಾಟ್ ಹೀಟರ್ ತಂದರು. ಡ್ರಮ್ಮಿನಲ್ಲಿ ಹಿಡಿದಿಟ್ಟ ಮಲಪ್ರಭಾ ನೀರೂ ಇತ್ತು. ರಾತ್ರಿ 9ಕ್ಕೆ 20ಕ್ಕೆ ಇಟ್ಟೆವು. ನಾನು ಒಂದಕ್ಕೆ ಎದ್ದು 22 ಮಾಡಿದೆ, ಅತ್ತೆ ಐದಕ್ಕೆ ಎದ್ದು 24 ಮಾಡಿದರು. ಅವರಿಗೆ ಬಿರಡೆ ತಿರುಗಿಸುವುದು ಹೇಗೆ ಅಂತ ಮಗಳು ಮಲಗುವ ಮೊದಲೇ ತೋರಿಸಿಕೊಟ್ಟಿದ್ದಳು.

ಇವತ್ತು ಮೂರನೆಯ ದಿನ. ಮುಂಜಾನೆ ಆರೂವರೆಗೆ 26 ಇತ್ತು. ಮೊದಲು ಬಾಲದ ಅಂಚಿನ ಕೆಂಪು ಬಂತು, ಆಮೇಲೆ ಮೈಯ ನೀಲಿ. ನಿನ್ನೆ ಎರಡು ಕಾಳು ತಿಂದಿತು. ಮಗಳು ಬೆರಳು ಹಚ್ಚಿದಾಗ ರೆಕ್ಕೆ ಅರ್ಧ ಬಿಚ್ಚಿತು. ಅವಳು ಮಾತಾಡದೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಒಂದು ಸಂಶಯ. ಹೀಟರ್ ಹತ್ತಿರದ ಮೂಲೆಯಲ್ಲಿ ನೀರಿನ ಮೇಲೆ ಸಾಬೂನಿನ ನೊರೆಯ ಹಾಗೆ ಸಣ್ಣ ಗುಳ್ಳೆ ಗುಂಪಾಗಿವೆ. ನೀರು ಕೆಟ್ಟಿತಾ?


ಉತ್ತರ: ಉಣಕಲ್ ಕೆರೆ ದಂಡೆ

ಕೆಟ್ಟಿಲ್ಲ ಅಕ್ಕಾವ್ರೆ. ನವಿಲು ಗಂಡು. ಅದು ಗೂಡು ಕಟ್ಟುತ್ತಿದೆ. ಬಾಯಿಯಲ್ಲಿ ಗಾಳಿ ತುಂಬಿ ಒಂದೊಂದೇ ಗುಳ್ಳೆ ಬಿಟ್ಟು ಜೋಡಿಸುತ್ತದೆ. ಹೆಣ್ಣು ಮೊಟ್ಟೆ ಇಟ್ಟರೆ ಅದರಲ್ಲಿ ಇಟ್ಟು ಕಾಯುವುದೂ ಗಂಡೇ. ಹೆಣ್ಣು ಇಲ್ಲದಿದ್ದರೂ ಕಟ್ಟುತ್ತದೆ. 17 ಡಿಗ್ರಿಯಲ್ಲಿ ಕಟ್ಟುತ್ತಿರಲಿಲ್ಲ.

ತೊಟ್ಟಿ ಹೊಸದು, ಅದಕ್ಕೆ ಮೊದಲ ತಿಂಗಳು ಮೂರು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಹೊಸ ನೀರನ್ನು ಬಕೆಟ್ಟಿನಲ್ಲೇ 26ಕ್ಕೆ ತಂದು, ಥರ್ಮಾಮೀಟರ್ ಅದ್ದಿ ನೋಡಿ, ಆಮೇಲೆ ಲೋಟದಿಂದ ನಿಧಾನಕ್ಕೆ ಹಾಕಿ. ಗೂಡು ಇರುವ ಮೂಲೆ ಬಿಟ್ಟು ಈ ಕಡೆಯಿಂದ ಹಾಕಲು ಮಗಳಿಗೆ ಹೇಳಿ.